ಬಾಲ್ಕನಿ ಇಲ್ಲದ ಹಸಿವಿನ ಬಗ್ಗೆ ನೆರವು ಸಮಿತಿಯ ಅಧ್ಯಕ್ಷರಿಗೊಂದು ಅರಿಕೆ

ಮಾನ್ಯರೇ,

ನಮ್ಮ ವಸತಿ ಕಟ್ಟಡದ ನೆರವು ಸಮಿತಿಯ ಸ್ಥಾಪಕರೂ, ಅಧ್ಯಕ್ಷರೂ, ಅದರ ಧ್ವನಿವರ್ಧಕದ ಏಕೈಕ ಭಾಷಣಕಾರರೂ, ಅದರ ಸಕಲ ಫೋಟೊಗಳಲ್ಲಿ ನಟ್ಟನಡುವೆ ನಿಲ್ಲುವವರೂ ಆದ ತಮಗೆ, ಎರಡನೇ ಮಹಡಿಯ ಮುಂಭಾಗದ ಮನೆಯಲ್ಲಿ ಹೊಲಿಗೆ ಮೆಷಿನ್ ತುಳಿದು ಬದುಕುವ ಹೆಂಗಸೊಬ್ಬಳು ಮೂಗು ಬಾಯಿ ಮುಚ್ಚಿಕೊಂಡು, ಹೇಳಿದಷ್ಟು ದೂರದಲ್ಲೇ ನಿಂತು, ಎರಡೂ ಕೈ ಜೋಡಿಸಿ ಮಾಡುವ ವಂದನೆಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ದಿನಾ ಬೆಳಗಾದರೆ ತಮ್ಮ ಗಂಟಲು ಎಷ್ಟು ಗಟ್ಟಿಮುಟ್ಟಾಗಿದೆ ಎಂಬುದು ಇಡೀ ಬೀದಿಗೆ ತಿಳಿಯುತ್ತಿದೆ. ನಾವೂ ಕ್ಷೇಮ. ಇಷ್ಟು ಕ್ಷೇಮವಾಗಿರುವುದಕ್ಕೆ ನಾಚಿಕೆಯಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಇದನ್ನು ಲಿಫ್ಟಿನ ಬಾಗಿಲಿಗೆ ಅಂಟಿಸುತ್ತಿರುವುದಕ್ಕೆ ತಾವು ಬೇಸರಿಸಬಾರದು. ಇದೇ ಮಾತನ್ನು ತಮ್ಮ ಕಾರ್ಯದರ್ಶಿಯವರಿಗೆ ಬಾಯಲ್ಲಿ ಹೇಳಿದೆ, ಫೋನಿನಲ್ಲಿ ಹೇಳಿದೆ, ಮೆಟ್ಟಿಲ ಮೇಲೆ ಅಡ್ಡಗಟ್ಟಿ ಹೇಳಿದೆ. ಅವರು ಪ್ರತಿ ಸಲವೂ ತಲೆಯಾಡಿಸಿ, ಕೈಗೆ ಔಷಧಿ ನೀರು ಹಚ್ಚಿಕೊಂಡು ಹೊರಟುಹೋದರು. ಲಿಫ್ಟ್ ಆದರೋ ಕೆಟ್ಟು ನಿಂತಿದೆ, ಹಾಗಾಗಿ ಅದರ ಮುಂದೆ ನಿಂತು ಓದಲು ಎಲ್ಲರಿಗೂ ಬೇಕಾದಷ್ಟು ಪುರುಸೊತ್ತಿದೆ.

ಮೊದಲಿಗೆ ತಮ್ಮ ಯೋಜನೆಯನ್ನು ಮನಸಾರೆ ಹೊಗಳಿಬಿಡುತ್ತೇನೆ. ಎಲ್ಲ ಮುಚ್ಚಿ, ಜನ ಮನೆಯೊಳಗೆ ಕೂತು, ಅಂಗಡಿಯ ಮುಂದೆ ಸುಣ್ಣದ ವೃತ್ತಗಳಲ್ಲಿ ನಿಂತು ಒಂದು ಕಟ್ಟು ಸೊಪ್ಪಿಗೆ ಅರ್ಧ ದಿನ ಕಾಯುತ್ತಿದ್ದ ಕಾಲದಲ್ಲಿ ತಾವು ಒಂದು ಪ್ರಕಟಣೆ ಹೊರಡಿಸಿದಿರಿ: ಸಹಾಯ ಬೇಕಾದವರು ಬೀದಿಗೆ ಕಾಣುವ ಹಾಗೆ ಬಾಲ್ಕನಿಯಲ್ಲಿ ಕೆಂಪು ಬಟ್ಟೆ ಹಾಕಬೇಕು, ಸಮಿತಿ ಕೆಳಗಿನಿಂದಲೇ ನೋಡಿಕೊಂಡು ಬಾಗಿಲಿಗೆ ದಿನಸಿ ಚೀಲ ತರುತ್ತದೆ, ಯಾರೂ ಬಾಯಿಬಿಟ್ಟು ಬೇಡಬೇಕಾಗಿಲ್ಲ. ಎಂಥ ಸೂಕ್ಷ್ಮ ಮನಸ್ಸು! ಬೇಡುವುದಕ್ಕೆ ನಾಚಿಕೊಳ್ಳುವವರು ಬೀದಿಯ ಮುಂದೆ ಬಾವುಟ ಹಾರಿಸುವುದಕ್ಕೆ ಖಂಡಿತ ನಾಚಿಕೊಳ್ಳುವುದಿಲ್ಲ ಎಂಬುದು ತಮ್ಮಂಥವರಿಗಲ್ಲದೆ ಬೇರೆ ಯಾರಿಗೆ ಹೊಳೆದೀತು? ನಿರೀಕ್ಷೆಯಂತೆ ಒಬ್ಬರೂ ಹಾಕಲಿಲ್ಲ. ನಮ್ಮದು ಸ್ವಾವಲಂಬಿ ಕಟ್ಟಡವೆಂದು ತಾವು ಧ್ವನಿವರ್ಧಕದಲ್ಲಿ ಸಾರಿದಿರಿ, ಕೇಳಿ ನಾವೆಲ್ಲ ಮೊಸರಿಲ್ಲದ ಅನ್ನ ಉಣ್ಣುತ್ತಲೇ ಹೆಮ್ಮೆಪಟ್ಟೆವು.

ಆಗ ಒಂದು ಕೆಂಪು ಬಟ್ಟೆ ಕಾಣಿಸಿತು. ಅದು ನನ್ನದು. ಶಾಲೆಯೊಂದರ ಆಟದ ಅಂಗಿಗಳನ್ನು ಹೊಲಿಯಲು ನಾನು ಮೊದಲೇ ಒಪ್ಪಿಕೊಂಡಿದ್ದೆ. ಹೊಸ ಹತ್ತಿ ಬಟ್ಟೆಯನ್ನು ನೀರಲ್ಲಿ ನೆನೆಸಿ ಒಣಗಿಸದೆ ಕತ್ತರಿ ಹಾಕಿದರೆ ಮೊದಲ ಒಗೆತಕ್ಕೇ ಕುಗ್ಗಿ ಮಕ್ಕಳ ಹೊಕ್ಕುಳು ಕಾಣುವಂತಾಗುತ್ತದೆ ಎಂಬುದು ಹೊಲಿಯುವ ಎಲ್ಲರಿಗೂ ಗೊತ್ತು. ಹಾಗೆ ನೆನೆಸಿ ಹಿಂಡಿ ಹರವಿದ ಬಟ್ಟೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುವಾಗಲೇ ತಾವು ಚೀಲ, ಕಾರ್ಯದರ್ಶಿ, ಫೋಟೊ ತೆಗೆಯುವವರು ಸಮೇತ ಬಾಗಿಲಿಗೆ ದಯಮಾಡಿಸಿದಿರಿ. ನಮಗೇನೂ ಕೊರತೆ ಇಲ್ಲ, ಇದು ಒಣಗಲು ಹಾಕಿದ ಬಟ್ಟೆ ಎಂದು ನಾನು ಬಡಕೊಂಡೆ. “ಸಂಕೋಚ ಬೇಡ ಅಕ್ಕಾ, ಮರ್ಯಾದಸ್ಥರು ಹೀಗೇ ಹೇಳೋದು” ಎಂದು ಕಾರ್ಯದರ್ಶಿಯವರು ಚೀಲವನ್ನು ನನ್ನ ಕೈಗೆ ತುರುಕಿದರು. ತಾವು ಚೀಲದ ಒಂದು ಕಿವಿ ಹಿಡಿದು ಕ್ಯಾಮೆರಾ ಕಡೆ ನಕ್ಕಿರಿ. ಸಂಜೆಯ ಹೊತ್ತಿಗೆ “ಹಸಿದ ಕುಟುಂಬಕ್ಕೆ ಆಸರೆ” ಎಂಬ ತಲೆಬರಹದೊಂದಿಗೆ ನನ್ನ ಮುಖ ಎಲ್ಲರ ಫೋನಿಗೂ ಹೋಗಿತ್ತು. ಅದನ್ನು ನೋಡಿದ ನಮ್ಮ ಅತ್ತೆ, “ನಾವು ಯಾವಾಗ ಬಡವರಾದ್ವೇ? ನನಗೊಂದು ಮಾತು ಹೇಳ್ಬಾರ್ದಿತ್ತಾ?” ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ಅದು ದೊಡ್ಡ ಶಾಲೆ, ಬಟ್ಟೆಯೂ ಬಹಳ. ನಾನು ನೆನೆಸಿದಾಗಲೆಲ್ಲ ತಾವು ಬಂದಿರಿ. ಅಕ್ಕಿ, ಬೇಳೆ, ಎಣ್ಣೆ, ಈರುಳ್ಳಿ, ಸೋಪು, ಅದರ ಮೇಲೊಂದು ತಮ್ಮ ಭಾವಚಿತ್ರದ ಕಾರ್ಡು. ಒಳಗೆ ಒಣಗಿಸಿದರೆ ಬಟ್ಟೆ ಮುಗ್ಗಲು ವಾಸನೆ ಹಿಡಿಯುತ್ತದೆ, ಹೊರಗೆ ಹಾಕಿದರೆ ತಾವು ಬರುತ್ತೀರಿ. ಈ ಸಂಕಟವನ್ನು ನಾನು ಯಾರಲ್ಲಿ ಹೇಳಿಕೊಳ್ಳಲಿ? ಒಮ್ಮೆಯಾದರೂ ಬಟ್ಟೆಯ ಅಂಚನ್ನು ಮುಟ್ಟಿ ನೋಡಿ ಎಂದು ಬೇಡಿಕೊಂಡೆ. ಸೋಂಕಿನ ಕಾಲದಲ್ಲಿ ಏನನ್ನೂ ಮುಟ್ಟಬಾರದೆಂಬ ನಿಯಮ ತಮಗೆ ಆ ಕ್ಷಣದಲ್ಲಿ ನೆನಪಾಯಿತು. ನಮ್ಮ ಮನೆಯವರು ಪಾಪ, ತಾವು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಬಚ್ಚಲು ಸೇರಿ ಬಾಗಿಲು ಹಾಕಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡರು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಮಾನ್ಯರೇ, ನಮ್ಮ ಕಟ್ಟಡಕ್ಕೆ ಒಂದು ಹಿಂಭಾಗ ಇದೆ. ತಾವು ಆ ಕಡೆ ಬಂದಿಲ್ಲ, ಆದ್ದರಿಂದ ತಿಳಿಸುತ್ತಿದ್ದೇನೆ. ಅಲ್ಲಿನ ಮನೆಗಳಿಗೆ ಬಾಲ್ಕನಿ ಇಲ್ಲ. ಕೊಳವೆಗಳು ಇಳಿಯುವ ಕತ್ತಲ ಸಂದಿಗೆ ತೆರೆಯುವ ಒಂದೊಂದು ಅಡುಗೆಮನೆ ಕಿಟಕಿ ಇದೆ, ಅಷ್ಟೆ. ನನ್ನ ಅಡುಗೆಮನೆಯ ಕಿಟಕಿಯೂ ಅದೇ ಸಂದಿಗೆ ತೆರೆಯುತ್ತದೆ. ಎದುರು ಕಿಟಕಿಯ ಮನೆಯಲ್ಲಿ ಕಿವಿ ಮಂದವಾದ ಒಬ್ಬ ಅಜ್ಜಿ, ಇನ್ನೂ ಕತ್ತು ನಿಲ್ಲದ ಒಂದು ಕೂಸು. ಕೂಸಿನ ಅಪ್ಪ ಲಾರಿ ಸಮೇತ ಎಲ್ಲೋ ಗಡಿಯಲ್ಲಿ ಸಿಕ್ಕಿಕೊಂಡಿದ್ದಾನೆ. ತಾಯಿ ನಮ್ಮ ಬೀದಿ ತುದಿಯ ದಿನಸಿ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದವಳು. ಊರೆಲ್ಲ ಬಾಗಿಲು ಹಾಕಿಕೊಂಡು ಕೂತಾಗ ನಮ್ಮ ನಿಮ್ಮ ಸಾಮಾನು ಮುಟ್ಟಿ ಮುಟ್ಟಿ, ಕೊನೆಗೆ ಕಾಯಿಲೆ ಹತ್ತಿಸಿಕೊಂಡು ಆಸ್ಪತ್ರೆ ಸೇರಿದಳು. ಅಜ್ಜಿ ಹೊಸ್ತಿಲು ದಾಟಬಾರದೆಂದು ಆಸ್ಪತ್ರೆಯವರು ಬಾಗಿಲಿಗೆ ಚೀಟಿ ಅಂಟಿಸಿ ಹೋದರು. ತಾಯಿಯ ಹಾಲು ತಪ್ಪಿದ ಮಗುವಿಗೆ ಪುಡಿ ಹಾಲೇ ಕೊಡಬೇಕು, ಈ ವಯಸ್ಸಿಗೆ ಬೇರೆ ಏನೂ ಕೂಡದು ಎಂದು ಡಾಕ್ಟರು ನನಗೆ ಫೋನಿನಲ್ಲಿ ಹೇಳಿದ್ದಾರೆ.

ತಮ್ಮ ಚೀಲಗಳು ಎಲ್ಲಿಗೆ ಹೋದವು ಎಂಬ ಅನುಮಾನ ತಮಗಿದ್ದರೆ ಕೇಳಿ: ಒಂದೊಂದನ್ನೂ ಬಕೆಟ್ಟಿಗೆ ಹಾಕಿ, ಬಟ್ಟೆ ಒಣಗಿಸುವ ಕೋಲಿನ ತುದಿಗೆ ಸಿಕ್ಕಿಸಿ, ಆ ಸಂದಿಯನ್ನು ದಾಟಿಸಿ ಅಜ್ಜಿಗೆ ಕೊಟ್ಟೆವು. ಮೇಲಿನ ಮನೆಯವರು ಸೊಪ್ಪು ಇಳಿಸಿದರು, ಕೆಳಗಿನವರು ಬಿಸಿನೀರಿನ ಫ್ಲಾಸ್ಕು ಕಟ್ಟಿ ಕಳಿಸಿದರು. ಇದನ್ನೆಲ್ಲ ಫೋಟೊ ತೆಗೆಯದೆ ಮಾಡಿದ್ದು ನಮ್ಮ ಅಜ್ಞಾನ, ಕ್ಷಮಿಸಬೇಕು. ಆದರೆ ತಮ್ಮ ಚೀಲದಲ್ಲಿ ಹಾಲಿನ ಪುಡಿ ಇರಲಿಲ್ಲ. ಅಂಗಡಿಯಲ್ಲೂ ಇರಲಿಲ್ಲ. ಯಾಕೆ ಇರಲಿಲ್ಲ ಎಂದರೆ, ಹಸುಗೂಸುಗಳಿಗಾಗಿ ಮಹಾದಾನ ಮಾಡುವ ಉಮೇದಿನಲ್ಲಿ ತಾವು ಅಂಗಡಿಯ ಅಷ್ಟೂ ಡಬ್ಬಿಗಳನ್ನು ಒಂದೇ ಸಲಕ್ಕೆ ಕೊಂಡಿದ್ದಿರಿ. ಅದಕ್ಕೆ ಬಿಲ್ ಹಾಕಿಕೊಟ್ಟವಳು ಇದೇ ಕೂಸಿನ ತಾಯಿ. ತನ್ನ ಮೈಯಲ್ಲಿ ಆಗಲೇ ಜ್ವರ ಕೂತಿದೆಯೆಂದು ಅವಳಿಗೆ ಗೊತ್ತಿದ್ದರೆ ಒಂದನ್ನು ಎತ್ತಿಟ್ಟುಕೊಳ್ಳುತ್ತಿದ್ದಳೋ ಏನೋ.

ಆ ಡಬ್ಬಿಗಳು ಈಗ ಕೆಳಗಿನ ಸಭಾಂಗಣದಲ್ಲಿ, ಗೋಪುರದ ಹಾಗೆ ಜೋಡಿಸಲ್ಪಟ್ಟು, ರಿಬ್ಬನ್ ಸುತ್ತಿಸಿಕೊಂಡು ಕೂತಿವೆ. ಕಿಟಕಿಯ ಗಾಜಿಗೆ ಮೂಗೊತ್ತಿ ನೋಡಿದರೆ ಕಾಣುತ್ತವೆ, ನಾನು ನೋಡಿದ್ದೇನೆ. ಅವುಗಳನ್ನು ಹಂಚಬೇಕಾದ ಮುಖ್ಯ ಅತಿಥಿಗಳು ಸ್ವತಃ ಸೋಂಕಿನ ಭಯದಿಂದ ಮನೆಯಲ್ಲಿ ಅವಿತಿರುವುದರಿಂದ ಸಮಾರಂಭ ಮುಂದಕ್ಕೆ ಹೋಗಿದೆಯಂತೆ. ಮಗುವಿನ ಹೊಟ್ಟೆಯನ್ನೂ ಹಾಗೆಯೇ ಮುಂದಕ್ಕೆ ಹಾಕುವ ಉಪಾಯ ಅಜ್ಜಿಗೆ ಗೊತ್ತಾಗಲಿಲ್ಲ. ನಾನು ಹೋಗಿ ಕೇಳಿದರೆ ಕಾರ್ಯದರ್ಶಿಯವರು, “ಅವರು ಕೆಂಪು ಬಟ್ಟೆ ಹಾಕಿದ್ದಾರಾ?” ಎಂದರು. ಬಾಲ್ಕನಿಯೇ ಇಲ್ಲವಲ್ಲ ಸ್ವಾಮೀ ಎಂದೆ. “ಹಾಗಾದ್ರೆ ಅವರು ವ್ಯವಸ್ಥೆಯೊಳಗೆ ಬರಲ್ಲ ಅಕ್ಕಾ” ಎಂದರು, ತುಂಬ ವಿನಯದಿಂದ. ದುಡ್ಡು ಕೊಡುತ್ತೇನೆ, ಒಂದೇ ಒಂದು ಡಬ್ಬಿ ಮಾರಿ ಎಂದರೆ, ದಾನದ ವಸ್ತುವನ್ನು ಮಾರುವಷ್ಟು ಕೀಳುಮಟ್ಟಕ್ಕೆ ಸಮಿತಿ ಇಳಿದಿಲ್ಲವೆಂದು ಕೋಪಿಸಿಕೊಂಡರು. ಅಬ್ಬಾ, ಎಂಥ ನೇಮನಿಷ್ಠೆ!

ಅಜ್ಜಿಯ ಮನೆಯಲ್ಲಿದ್ದ ಒಂದು ಡಬ್ಬಿ ಮುಗಿದ ಮೇಲೆ ಕೂಸು ಅತ್ತಿತು. ಅದರ ಅಳು ಆ ಸಂದಿಯಲ್ಲಿ ಕೊಳವೆಗಳಿಗೆ ಬಡಿದು ಪ್ರತಿ ಅಡುಗೆಮನೆಯೊಳಕ್ಕೂ ಬರುತ್ತಿತ್ತು, ಅಡುಗೆಮನೆಗೆ ಕಾಲಿಡದ ತಮಗೆ ಮಾತ್ರ ಆ ಭಾಗ್ಯವಿರಲಿಲ್ಲ. ಅಜ್ಜಿ ಸಕ್ಕರೆ ನೀರು ಕುಡಿಸಿದರು. ಆಮೇಲೆ ಅಳು ಸಣ್ಣಗಾಯಿತು, ನಿಂತೇಹೋಯಿತು. ಅಳು ನಿಂತರೆ ಸಮಾಧಾನವಾಗಬೇಕು, ನಾವೆಲ್ಲ ಕಿಟಕಿಗಳಿಗೆ ಓಡಿದೆವು. ನಾನು ಒಲೆ ಆರಿಸಿ ಕಿಟಕಿಯ ಚೌಕಟ್ಟು ಹಿಡಿದು ಅಜ್ಜೀ ಅಜ್ಜೀ ಎಂದು ಕೂಗಿದೆ, ಅವರಿಗೆ ಕೇಳಿಸಲಿಲ್ಲ. ಕೋಲಿನಿಂದ ಕಿಟಕಿ ತಟ್ಟಿದ ಮೇಲೆ ಬಂದು, ಬದುಕಿದೆ ಎಂಬಂತೆ ಕೈಸನ್ನೆ ಮಾಡಿದರು. ಹೆದರಿಕೆ ಅಂದರೆ ಏನೆಂದು ನನಗೆ ಆವತ್ತು ಗೊತ್ತಾಯಿತು, ತಮ್ಮ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ನಮ್ಮ ಅತ್ತೆಯೇ ದಾರಿ ಹುಡುಕಿದರು. “ಅವರಿಗೆ ಬೇಕಾಗಿರೋದು ಬಟ್ಟೆ, ಫೋಟೊ. ಎರಡೂ ಕೊಡೋಣ ಬಾರೇ” ಎಂದು, ಉಳಿದ ಕೆಂಪು ಬಟ್ಟೆಯನ್ನೆಲ್ಲ ಬಾಲ್ಕನಿಗೆ ಹರವಿಸಿ, ಮನೆಗೆ ಹಸುಗೂಸು ಬಂದಿದೆಯೆಂದು ಕಾರ್ಯದರ್ಶಿಯವರಿಗೆ ಫೋನ್ ಮಾಡಿಸಿದರು. ಅವರ ದನಿ ಒಮ್ಮೆಲೇ ಮೃದುವಾಯಿತು. “ಮಗು ಇದ್ರೆ ಫೋಟೊ ಚೆನ್ನಾಗಿ ಬರತ್ತೆ, ಮುಖ್ಯ ಅತಿಥಿಗಳು ಆಮೇಲೆ ಬಂದ್ರೂ ಆಯ್ತು” ಎಂದರು. ತಾವು ಹೊಸ ಅಂಗಿ ತೊಟ್ಟು, ಒಂದು ಡಬ್ಬಿ ಹಿಡಿದು, ಮೆಟ್ಟಿಲ ತಿರುವಿನಲ್ಲಿ ಅಂತರ ಕಾಪಾಡಿಕೊಂಡು ನಿಂತಿರಿ. ಬಾಗಿಲಲ್ಲಿ ನಮ್ಮ ಅತ್ತೆ ಕೂಸನ್ನು ಎದೆಗವಚಿಕೊಂಡು ತೂಗುತ್ತಿದ್ದರು. ತಾವು ದೂರದಿಂದಲೇ ಬಗ್ಗಿ ನೋಡಿ, “ಅಜ್ಜಿಯದೇ ಮೂಗು!” ಎಂದು ಮೆಚ್ಚಿದಿರಿ. ಆ ಫೋಟೊ ಈಗ ಸಮಿತಿಯ ಹೆಮ್ಮೆ. ಫೋನ್ ಗುಂಪಿನ ಮುಖಚಿತ್ರಕ್ಕೆ ಅದನ್ನೇ ಹಾಕಿಕೊಂಡಿದ್ದೀರಿ, ಊರಿನ ಗಣ್ಯರು ಅದಕ್ಕೆ ಕೈಜೋಡಿಸಿದ ಚಿತ್ರಗಳನ್ನು ಕಳಿಸುತ್ತಿದ್ದಾರೆ.

ಮಾನ್ಯರೇ, ಆ ಕೂಸು ಆಟದ ಅಂಗಿಗಳ ಕಾಲರಿಗೆಂದು ತಂದ ಗಟ್ಟಿ ಬಟ್ಟೆಯ ಸುರುಳಿ. ತಲೆಯ ಜಾಗದಲ್ಲಿದ್ದದ್ದು ನನ್ನ ಸೂಜಿ ಚುಚ್ಚುವ ಮೆತ್ತೆ. ಮೂಗು ಎಂದು ತಾವು ಯಾವುದನ್ನು ಕಂಡಿರೋ ನಮಗೆ ಇಂದಿಗೂ ಬಗೆಹರಿದಿಲ್ಲ. ತಾವು ಇನ್ನೂ ಮೆಟ್ಟಿಲಿಳಿಯುತ್ತಿದ್ದಾಗಲೇ ಡಬ್ಬಿ ಬಕೆಟ್ಟಿನಲ್ಲಿ ಸಂದಿ ದಾಟಿತ್ತು. ನಿಜವಾದ ಕೂಸು ಅದನ್ನು ಕುಡಿದು, ತೇಗಿ, ಅಜ್ಜಿಯ ಹೆಗಲ ಮೇಲೆ ಕಕ್ಕಿ, ಮತ್ತೆ ಜೋರಾಗಿ ಅತ್ತಿತು. ಆ ಅಳು ಕೇಳಿ ಇಡೀ ಹಿಂಭಾಗದವರು ಕಿಟಕಿಗಳಲ್ಲಿ ನಿಂತು ನಕ್ಕರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಆದರೆ ಒಂದು ಡಬ್ಬಿ ಎಷ್ಟು ದಿನ ಬಂದೀತು? ತಳ ಕಾಣುತ್ತಿದೆ. ಆದ್ದರಿಂದ ತಮ್ಮ ಔದಾರ್ಯಕ್ಕೆ ಮೀರಿದ ಕೆಲವು ಬೇಡಿಕೆಗಳನ್ನು ಮುಂದಿಡುವ ಧೈರ್ಯ ಮಾಡುತ್ತಿದ್ದೇನೆ. ದಯವಿಟ್ಟು ನಮ್ಮ ಕಟ್ಟಡದ ಹಿಂಭಾಗವನ್ನು ತಿರುಗಿಸಿ ಬೀದಿಯ ಕಡೆಗೆ ನಿಲ್ಲಿಸಿಕೊಡಿ. ಅದು ಕಷ್ಟವಾದರೆ, ಪ್ರತಿ ಅಡುಗೆಮನೆ ಕಿಟಕಿಗೂ ಒಂದು ಬಾಲ್ಕನಿ ಅಂಟಿಸಿಕೊಡಿ. ಉದ್ಘಾಟನೆಗೆ ತಾವೇ ಬನ್ನಿ, ಹಾಲಿನ ಪುಡಿ ಸಿಕ್ಕರೆ ಚಪ್ಪಾಳೆ ತಟ್ಟಲು ನಾವು ಸಿದ್ಧ. ಅದೂ ಕಷ್ಟವಾದರೆ, ಸಮಾರಂಭದವರೆಗೆ ಹಸಿವಾಗಕೂಡದೆಂದು ಮಗುವಿಗೆ ಒಂದು ಪ್ರಕಟಣೆ ಹೊರಡಿಸಿ. ಧ್ವನಿವರ್ಧಕ ಹೇಗೂ ಇದೆ. ಇವು ಯಾವುವೂ ಆಗದಿದ್ದರೆ ಎಲ್ಲಕ್ಕಿಂತ ಅಸಾಧ್ಯವಾದ ಒಂದು ಉಳಿದಿದೆ: ಆ ಡಬ್ಬಿಗಳನ್ನು ಸದ್ದಿಲ್ಲದೆ ಅಂಗಡಿಗೆ ವಾಪಸು ಮಾಡಿ, ಬೇಕಾದವರು ಕೊಂಡುಕೊಳ್ಳುತ್ತಾರೆ. ಸಭಾಂಗಣದ ಬೀಗ ತೆಗೆದರೆ ಸೋಂಕು ಕೈಗೆ ಅಂಟೀತೆಂಬ ಭಯವಿದ್ದರೆ ಕೈಗವಸು ನಾನೇ ಹೊಲಿದುಕೊಡುತ್ತೇನೆ. ಇನ್ನೊಂದು ಸಲ ಹೆರುವ ಶಕ್ತಿ ಮಾತ್ರ ನಮ್ಮ ಅತ್ತೆಗಿಲ್ಲ, ಅವರಿಗೆ ಮಂಡಿ ನೋವು.

ಇಷ್ಟನ್ನು ತಾಳ್ಮೆಯಿಂದ ಓದಿದ ತಮ್ಮ ದೊಡ್ಡತನಕ್ಕೆ ಮತ್ತೊಮ್ಮೆ, ಸಾಕಷ್ಟು ದೂರದಿಂದ, ನಮಸ್ಕರಿಸುತ್ತಾ,

ತಮ್ಮ ವಿಶ್ವಾಸಿ,
ತಮ್ಮ ಸಮಿತಿಯಿಂದ ಬಲವಂತವಾಗಿ ಉದ್ಧಾರಗೊಂಡ
ಎರಡನೇ ಮಹಡಿಯ ಹೊಲಿಗೆಯವಳು

ತಾ. ಕ.: ಕೂಸಿನ ತಾಯಿ ಆಸ್ಪತ್ರೆಯಿಂದ ದಿನಾ ಸಂಜೆ ಫೋನ್ ಮಾಡುತ್ತಾಳೆ. ಅಜ್ಜಿಗೆ ಕಿವಿ ಕೇಳಿಸದಿರುವುದರಿಂದ ಆ ಫೋನ್ ನನಗೆ ಬರುತ್ತದೆ. ಉಸಿರು ಸಾಲದ ಕಾರಣ ಅವಳು ಹೆಚ್ಚು ಮಾತಾಡುವುದಿಲ್ಲ, “ಕುಡೀತಾ?” ಎಂದಷ್ಟೇ ಕೇಳಿ, ಉತ್ತರ ಕೇಳಿಸಿಕೊಂಡು ಇಟ್ಟುಬಿಡುತ್ತಾಳೆ. ಡಬ್ಬಿಗಳು ಯಾರ ಹತ್ತಿರ ಇವೆಯೋ ಅವರೇ ಉತ್ತರ ಕೊಡುವುದು ನ್ಯಾಯವೆನಿಸಿ, ಇವತ್ತು ಅವಳಿಗೆ ತಮ್ಮ ನಂಬರ್ ಕೊಟ್ಟಿದ್ದೇನೆ. ಸಂಜೆ ದಯವಿಟ್ಟು ಫೋನ್ ತೆಗೆಯಿರಿ.