ಹಾಸಿಗೆ ನಂಬರ್ ತೊಂಬತ್ತೊಂದರ ವಿನೆಗರ್ ಪಥ್ಯ

ಬಟ್ಟೆ ಒಗೆಯುವ ಯಂತ್ರಕ್ಕೆ ಬಾಯಿ ಮತ್ತು ಹೊಟ್ಟೆ ಎರಡೂ ಇವೆ ಎಂಬುದನ್ನು ತೊಂಬತ್ತು ಹಾಸಿಗೆಗಳ ಸಾರ್ವಜನಿಕ ಆಸ್ಪತ್ರೆಯ ಆಡಳಿತ ಸಮಿತಿಯು ಸರ್ವಾನುಮತದಿಂದ ಅಂಗೀಕರಿಸಿದ್ದು ಹನ್ನೆರಡನೇ ತಾರೀಕು ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಹತ್ತು ನಿಮಿಷ ಮುಂಚೆ. ವಿರೋಧಿಸಲು ಎದ್ದ ಒಬ್ಬ ಸದಸ್ಯರು ಹಸಿವಿನ ಕಾರಣದಿಂದ ಮತ್ತೆ ಕುಳಿತರು ಎಂದು ನಡಾವಳಿಯಲ್ಲಿ ದಾಖಲಾಗಿದೆ.

ಯಂತ್ರ ಇದ್ದದ್ದು ನೆಲಮಾಳಿಗೆಯಲ್ಲಿ. ಅದನ್ನು ಹನ್ನೊಂದು ವರ್ಷದಿಂದ ನೋಡಿಕೊಂಡು ಬಂದವಳನ್ನು ಇಡೀ ಆಸ್ಪತ್ರೆ ಲಾಂಡ್ರಿಯಕ್ಕ ಎನ್ನುತ್ತಿತ್ತು. ಆ ಊರಿನ ನೀರು ಎಷ್ಟು ಗಡಸು ಎಂದರೆ, ಬಕೆಟ್ಟಿನಲ್ಲಿ ಒಂದು ವಾರ ನಿಂತರೆ ಅಂಚಿಗೆಲ್ಲ ಸುಣ್ಣ ಬಳಿದ ಹಾಗಾಗುತ್ತಿತ್ತು. ಅಂಥ ನೀರನ್ನು ಹನ್ನೊಂದು ವರ್ಷ ಕುಡಿದ ಯಂತ್ರದ ಒಳಮೈಗೆ ಬೆರಳು ದಪ್ಪದ ಬಿಳಿ ಪದರ ಕಟ್ಟಿತ್ತು. ನೀರು ಸರಿಯಾಗಿ ಕಾಯುತ್ತಿರಲಿಲ್ಲ. ಬಾಗಿಲಿನ ರಬ್ಬರು ಸುತ್ತಿನಿಂದ ನೆಲ ಒರೆಸುವ ಹಳೇ ಒದ್ದೆ ಬಟ್ಟೆಯ ವಾಸನೆ ಬರುತ್ತಿತ್ತು. ಹಾಸಿಗೆ ಹೊದಿಕೆಗಳು ಒಳಗೆ ಹೋಗುವಾಗ ಬರೀ ಕೊಳಕಾಗಿದ್ದು, ಹೊರಗೆ ಬರುವಾಗ ಕೊಳಕೂ ಬಿರುಸೂ ಆಗಿರುತ್ತಿದ್ದವು. ಒಂದನ್ನು ಲಾಂಡ್ರಿಯಕ್ಕ ಗೋಡೆಗೆ ಒರಗಿಸಿ ನಿಲ್ಲಿಸಿದ್ದಳು. ಅದು ನಿಂತೇ ಇತ್ತು.

ಮದ್ದು ಅವಳಿಗೆ ಗೊತ್ತಿತ್ತು. ಮನೆಯ ಪುಟ್ಟ ಯಂತ್ರಕ್ಕೆ ಮೂರು ತಿಂಗಳಿಗೊಮ್ಮೆ ಅವಳೇ ಮಾಡುತ್ತಿದ್ದಳು: ಬಟ್ಟೆ ಹಾಕದೆ ವಿನೆಗರ್ ಸುರಿದು ಬಿಸಿನೀರಿನಲ್ಲಿ ಒಂದು ಸುತ್ತು ಓಡಿಸೋದು, ನಡುವೆ ನಿಲ್ಲಿಸಿ ಒಂದು ಗಂಟೆ ನೆನೆಯೋಕೆ ಬಿಡೋದು, ಅದೆಲ್ಲ ಹರಿದು ಹೋದ ಮೇಲೆ ಅಡುಗೆ ಸೋಡಾ ಹಾಕಿ ಇನ್ನೊಂದು ಸುತ್ತು. ಆಸ್ಪತ್ರೆಯ ದೊಡ್ಡ ಹೊಟ್ಟೆಗೆ ಎಂಟು ಬಾಟಲಿ ವಿನೆಗರ್, ನಾಲ್ಕು ಲೋಟ ಸೋಡಾ ಸಾಕು ಎಂಬುದು ಅವಳ ಅಂದಾಜು.

ಅವಳಿಗೆ ಅವಸರವಿತ್ತು. ಪಕ್ಕದ ಊರಿನಲ್ಲಿ ಅವಳ ಒಬ್ಬಳೇ ಮಗಳಿಗೆ ದಿನ ತುಂಬಿತ್ತು. ಡಾಕ್ಟರು ಇಪ್ಪತ್ತನೇ ತಾರೀಕು ಎಂದಿದ್ದರು. ಹೋದ ಸಲ ಮಗಳು ಒಬ್ಬಳೇ ಇದ್ದಾಗ ಬಸಿರು ಇಳಿದುಹೋಗಿತ್ತು. ಅದನ್ನು ತಾಯಿ ಮಗಳು ಇಬ್ಬರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಮಗಳು ದಿನಕ್ಕೆ ಮೂರು ಸಲ ಫೋನ್ ಮಾಡಿ, "ಅಮ್ಮ, ಯಾವಾಗ ಬರ್ತೀಯಾ?" ಎಂದು ಮಾತ್ರ ಕೇಳುತ್ತಿದ್ದಳು. ಲಾಂಡ್ರಿಯಕ್ಕ ಹದಿನೈದು ದಿನದ ರಜೆಗೆ ಅರ್ಜಿ ಹಾಕಿದರೆ, ಯಂತ್ರ ಸುಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರ ಲಗತ್ತಿಸದೆ ಅದರ ಉಸ್ತುವಾರಿಗೆ ರಜೆಯಿಲ್ಲ ಎಂದು ಬರೆದು ವಾಪಸ್ ಕಳಿಸಿದರು. ಅಂದು ಏಳನೇ ತಾರೀಕು.

ಬರೆದವರು ಹೆಡ್ ಕ್ಲಾರ್ಕ್. ಯಾವ ಮಾತಿಗೂ "ಅದಕ್ಕೊಂದು ಉಪನಿಯಮ ಇದೆ" ಎಂದೇ ಶುರು ಮಾಡುತ್ತಿದ್ದುದರಿಂದ ಜನ ಅವರನ್ನು ಉಪನಿಯಮ ಎಂದೇ ಕರೆಯುತ್ತಿದ್ದರು. ಅವರಿಗೂ ಅದು ಗೊತ್ತಿತ್ತು, ಸಂತೋಷವೂ ಇತ್ತು.

"ಎಂಟು ಬಾಟಲಿ ವಿನೆಗರ್ ಕೊಡ್ಸಿ ಸಾರ್. ಒಂದೇ ದಿನದಲ್ಲಿ ಯಂತ್ರ ಫಳಫಳ ಅನ್ನುತ್ತೆ," ಎಂದಳು ಲಾಂಡ್ರಿಯಕ್ಕ.

"ಅದಕ್ಕೊಂದು ಉಪನಿಯಮ ಇದೆ. ವಿನೆಗರ್ ಆಹಾರ ಪದಾರ್ಥ. ಆಹಾರ ಪದಾರ್ಥ ರೋಗಿಗಳಿಗೆ ಮಾತ್ರ."

"ನಮ್ಮನೆಯಿಂದ ತಂದು ಹಾಕ್ತೀನಿ, ಬಿಡಿ."

"ಹೊರಗಿನ ಆಹಾರಕ್ಕೆ ಆಸ್ಪತ್ರೆಯೊಳಗೆ ಪ್ರವೇಶ ಇಲ್ಲ. ಅದು ಉಪನಿಯಮವೂ ಅಲ್ಲ, ನಿಯಮ."

"ಹಾಗಾದ್ರೆ ಆ ಯಂತ್ರಾನ ಅಡ್ಮಿಟ್ ಮಾಡ್ಕೊಂಡು ಕುಡಿಸಿ ಸಾರ್!"

ಲಾಂಡ್ರಿಯಕ್ಕ ಹೇಳಿದ್ದು ಹೊಟ್ಟೆಯುರಿಗೆ. ಉಪನಿಯಮ ಪೆನ್ನು ಕೆಳಗಿಟ್ಟರು, ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಇಷ್ಟು ಸರಳ ದಾರಿ ಇರುವಾಗ ಇಷ್ಟು ಹೊತ್ತು ಯಾಕಮ್ಮ ನನ್ನ ತಲೆ ತಿಂದೆ? ಅರ್ಜಿ ಮೂರು ಪ್ರತಿ ಕೊಡು," ಎಂದರು.

ಹೀಗೆ ವಿಷಯ ಮಂಗಳವಾರದ ಸಮಿತಿಗೆ ಬಂತು. ನಿಯಮಾವಳಿಯ ಪ್ರಕಾರ ರೋಗಿ ಎಂದರೆ "ಬಾಯಿ ಹಾಗೂ ಹೊಟ್ಟೆಯುಳ್ಳ, ಬಿದ್ದಲ್ಲಿಂದ ಸ್ವತಃ ಏಳಲಾರದ, ಆಸ್ಪತ್ರೆಯ ಆವರಣದೊಳಗಿರುವ ಯಾರೇ ಆಗಲಿ." ಯಂತ್ರ ಎಲ್ಲಕ್ಕೂ ಹೊಂದಿತು. ಪುರುಷರ ವಾರ್ಡೋ ಮಹಿಳೆಯರ ವಾರ್ಡೋ ಎಂಬ ಪ್ರಶ್ನೆಗೆ, ಅದು ಬಟ್ಟೆ ಒಗೆಯುತ್ತದೆ ಎಂಬ ಒಂದೇ ಕಾರಣಕ್ಕೆ, ಚರ್ಚೆಯೇ ಇಲ್ಲದೆ ಮಹಿಳೆಯರ ವಾರ್ಡು ಎಂದಾಯಿತು. ಸಂಜೆ ಸೂಚನಾ ಫಲಕದಲ್ಲಿ ಪ್ರಕಟಣೆ ಬಿತ್ತು:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ನೆಲಮಾಳಿಗೆಯ ಬಟ್ಟೆ ಒಗೆಯುವ ಯಂತ್ರವನ್ನು ಹಾಸಿಗೆ ನಂಬರ್ ತೊಂಬತ್ತೊಂದರಲ್ಲಿ ಒಳರೋಗಿಯಾಗಿ ದಾಖಲಿಸಿಕೊಳ್ಳಲಾಗಿದೆ. ಭೇಟಿಯ ಸಮಯ ಸಂಜೆ ನಾಲ್ಕರಿಂದ ಆರು. ರೋಗಿಯ ಮೇಲೆ ಛತ್ರಿ, ಹೆಲ್ಮೆಟ್ ಇತ್ಯಾದಿ ಇಡಬಾರದು."

ಯಂತ್ರವನ್ನು ಮೇಲಕ್ಕೆ ಹೊರಲು ಆಗದ್ದರಿಂದ ಹಾಸಿಗೆಯನ್ನೇ ಕೆಳಕ್ಕೆ ಇಳಿಸಿ ಪಕ್ಕದಲ್ಲಿಟ್ಟರು. ಬುಧವಾರ ಬೆಳಿಗ್ಗೆ ವಾರ್ಡಿನ ಸಿಸ್ಟರ್ ದಾಖಲಾತಿ ಹಾಳೆ ಹಿಡಿದು ಬಂದರು.

"ಪೇಷಂಟ್ ಕಡೆಯೋರು ಯಾರು?"

"ನಾನೇ," ಎಂದಳು ಲಾಂಡ್ರಿಯಕ್ಕ, ಇನ್ಯಾರೂ ಇರಲಿಲ್ಲ.

"ನಿಮಗೆ ಏನಾಗ್ಬೇಕು?"

"ಏನಾಗ್ಬೇಕು ಅಂದ್ರೆ... ಹನ್ನೊಂದು ವರ್ಷದಿಂದ ತೊಳೆದು, ಒರೆಸಿ, ಇವಳ ಕಿರಿಕಿರಿ ಎಲ್ಲ ಸಹಿಸ್ಕೊಂಡಿದ್ದೀನಿ ಸಿಸ್ಟರ್."

"ಹಾಗಾದ್ರೆ ಮಗಳು ಅಂತ ಬರ್ಕೋತೀನಿ."

ಲಾಂಡ್ರಿಯಕ್ಕನ ಫೋನ್ ಹೊಡೆದುಕೊಳ್ಳುತ್ತಿತ್ತು. ನಿಜವಾದ ಮಗಳದು. ಆ ಗಡಿಬಿಡಿಯಲ್ಲಿ "ಹ್ಞೂಂ, ಏನಾದ್ರೂ ಬರ್ಕೊಳ್ಳಿ," ಎಂದು ಸಹಿ ಹಾಕಿದಳು. ಇಷ್ಟು ವರ್ಷ ಇಲ್ಲಿ ಕೆಲಸ ಮಾಡಿಯೂ ಓದದೆ ಸಹಿ ಹಾಕಿದ್ದು ಅದೊಂದೇ ಸಲ.

ಡ್ಯೂಟಿ ಡಾಕ್ಟರಮ್ಮ ಬಂದರು. ಎರಡು ರಾತ್ರಿ ಪಾಳಿ ಮುಗಿಸಿ ಬಿಡುವಿಲ್ಲದೆ ಹಗಲು ಪಾಳಿಯಲ್ಲಿದ್ದ ಅವರಿಗೆ ಯಾವುದೂ ವಿಚಿತ್ರ ಎನಿಸುತ್ತಿರಲಿಲ್ಲ. "ನಾಲಿಗೆ ತೋರ್ಸಮ್ಮ," ಎಂದರು. ಲಾಂಡ್ರಿಯಕ್ಕ ಸೋಪಿನ ಪುಡಿ ಹಾಕುವ ಡಬ್ಬಿಯನ್ನು ಈಚೆಗೆ ಎಳೆದಳು. ಬೆಳ್ಳಗೆ ಗಡ್ಡೆ ಕಟ್ಟಿತ್ತು. "ಎಷ್ಟು ದಿನದಿಂದ ಹೀಗೆ?" "ಆಗ್ಲೇ ಎರಡು ವರ್ಷ ಆಯ್ತು ಮೇಡಂ." "ಇಷ್ಟು ದಿನ ಏನ್ಮಾಡ್ತಿದ್ರಿ? ಇವರೆಲ್ಲ ಕೊನೇ ಗಳಿಗೇಲಿ ಕರ್ಕೊಂಡು ಬರ್ತಾರೆ," ಎಂದು ಗದರಿಸಿ, ಲಾಂಡ್ರಿಯಕ್ಕ ಹೇಳಿದ್ದನ್ನೇ ಬರೆದುಕೊಟ್ಟರು: ವಿನೆಗರ್ ಎಂಟು ಬಾಟಲಿ, ಬರಿ ಹೊಟ್ಟೆಗೆ, ಬಿಸಿನೀರಿನ ಜೊತೆ. ಆಮೇಲೆ ಅಡುಗೆ ಸೋಡಾ ನಾಲ್ಕು ಲೋಟ.

ಗುರುವಾರ ಪಥ್ಯದ ಗಾಡಿ ನೆಲಮಾಳಿಗೆಗೆ ಇಳಿಯಿತು. ಎರಡು ಪದಾರ್ಥಕ್ಕೆ ಎರಡು ಸಹಿ ಬೇಕಾಗುತ್ತದೆಂದು ಅಡುಗೆಮನೆಯ ಮೇಲ್ವಿಚಾರಕರು ವಿನೆಗರನ್ನೂ ಸೋಡಾವನ್ನೂ ಒಂದೇ ಕೊಳಗದಲ್ಲಿ ತಂದಿದ್ದರು. ದಾರಿಯಲ್ಲೇ ಉಕ್ಕಿ, ಲಿಫ್ಟಿನ ತುಂಬ ನೊರೆಯಾಗಿತ್ತು.

"ಅಯ್ಯೋ, ಎರಡನ್ನೂ ಒಟ್ಟಿಗೆ ಹಾಕಿದ್ರೆ ಒಂದನ್ನೊಂದು ತಿಂದುಹಾಕ್ತವೆ ಸಾರ್! ಇನ್ನುಳಿದಿರೋದು ಬರೀ ಉಪ್ಪುಪ್ಪು ನೀರು."

"ಹೊಟ್ಟೆಗೆ ಹೋದ ಮೇಲೆ ಎಲ್ಲ ಒಂದೇ ಬಿಡಮ್ಮ," ಎಂದು ಅವರು ಕೊಳಗವನ್ನು ಯಂತ್ರಕ್ಕೆ ಸುರಿಸಿಯೇ ಹೋದರು. ಪಥ್ಯ ವಾಪಸ್ ಒಯ್ಯುವಂತಿರಲಿಲ್ಲ. ಗುಂಡಿ ಒತ್ತಿದ್ದೇ ಬಾಗಿಲಿನ ಸಂದಿಯಿಂದ ನೊರೆ ನೆಲಕ್ಕಿಳಿಯಿತು. ಸಿಸ್ಟರ್ ಹಾಳೆಯಲ್ಲಿ ಬರೆದರು: "ರೋಗಿ ವಾಂತಿ ಮಾಡಿಕೊಂಡಿದ್ದಾರೆ." ವಾಂತಿಯಾದವರಿಗೆ ಮೂರು ದಿನ ಬೇರೆ ಪಥ್ಯ ಇಲ್ಲವಾದ್ದರಿಂದ ಮೂರು ದಿನ ಗ್ಲೂಕೋಸ್ ನೀರು ಕೊಡಲಾಯಿತು. ನಾಲ್ಕು ಗಂಟೆಯ ಮೇಲೆ ಮೇಲಿನ ವಾರ್ಡಿನ ಅಜ್ಜಿಯೊಬ್ಬರು ಬಂದು ಯಂತ್ರದ ಮೈ ಸವರಿ, "ಎಲ್ಲ ಸರಿಹೋಗತ್ತೆ ಬಿಡವ್ವ, ನಂದೂ ಹೀಗೇ ಇತ್ತು," ಎಂದು ಸಮಾಧಾನ ಹೇಳಿ ಒಂದು ಸೇಬು ಇಟ್ಟುಹೋದರು.

ಹದಿನೆಂಟನೇ ತಾರೀಕು ಸೋಮವಾರ ಹೊಸದಾಗಿ ವಿನೆಗರ್ ಬಂತು, ಈ ಸಲ ಬೇರೆ ಬೇರೆಯಾಗಿ. ಲಾಂಡ್ರಿಯಕ್ಕ ಬಾಗಿಲು ಮುಚ್ಚಿ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ, ತನ್ನ ಕ್ರಮದಲ್ಲೇ ಮಾಡಿದಳು. ನೆನೆಯಲು ಬಿಟ್ಟ ಒಂದು ಗಂಟೆಯಲ್ಲಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪಿನ ಡಬ್ಬಿ ಉಜ್ಜಿದಳು, ರಬ್ಬರು ಸುತ್ತಿನೊಳಗೆ ಬಟ್ಟೆ ತೂರಿಸಿ ಒರೆಸಿದಳು, ಬುಡದ ಜಾಲರಿ ಬಿಚ್ಚಿ ಹನ್ನೊಂದು ವರ್ಷದ ಗುಂಡಿ, ಪಿನ್ನು, ಒಂದು ಹಲ್ಲಿನ ಸೆಟ್ಟು ಈಚೆಗೆ ತೆಗೆದಳು. ಸೋಡಾದ ಸುತ್ತು ಮುಗಿಯುವ ಹೊತ್ತಿಗೆ ಪದರ ಹಪ್ಪಳದ ಹಾಗೆ ಕಳಚಿ ಬಿದ್ದು, ಒಳಗಿನ ಉಕ್ಕಿನಲ್ಲಿ ಅವಳ ಮುಖ ಕಂಡಿತು. ಬಹಳ ದಣಿದ ಮುಖ. ಸೆರಗಿನಲ್ಲಿ ಕೈ ಒರೆಸಿಕೊಂಡು ರಜೆ ಅರ್ಜಿ ಹಿಡಿದು ಓಡಿದಳು.

"ಯಂತ್ರ ಸರಿಯಾಯ್ತು ಸಾರ್. ಪ್ರಮಾಣಪತ್ರ ಕೊಡಿ, ಇವತ್ತೇ ಹೊರಡ್ತೀನಿ."

ಉಪನಿಯಮ ಎರಡು ರಿಜಿಸ್ಟರ್ ತೆರೆದರು. "ಯಾವ ಯಂತ್ರಮ್ಮ? ಉಪಕರಣ ರಿಜಿಸ್ಟರಿನಲ್ಲಿ ಯಂತ್ರಾನೇ ಇಲ್ಲ. ಹೆಸರು ತೆಗೆದು ರೋಗಿಗಳ ಕಡೆಗೆ ಹಾಕಿದ್ದೀವಿ. ಉಪಕರಣದ ಲೆಕ್ಕದಲ್ಲಿ ಒಂದು ಕಡಿಮೆ ಬಿದ್ದು, ಗುರುವಾರ ತಪಾಸಣೆಗೆ ಬರೋರಿಗೆ ಏನು ತೋರಿಸಲಿ ಅಂತ ನನಗೇ ಊಟ ಸೇರ್ತಿಲ್ಲ."

"ಮಗಳ ಹೆರಿಗೆ ಸಾರ್..."

"ಅದೂ ಇದೆ ನೋಡು. ನಿನ್ನ ಸೇವಾ ಪುಸ್ತಕದಲ್ಲಿ ಮಗಳು ಒಬ್ಬಳೇ. ಆಕೆ ನಮ್ಮಲ್ಲೇ ತೊಂಬತ್ತೊಂದರಲ್ಲಿ ದಾಖಲಾಗಿದ್ದಾಳೆ. ಕೆಳಗಿರೋ ಮಗಳನ್ನ ನೋಡೋಕೆ ಪರ ಊರಿಗೆ ಯಾಕಮ್ಮ ಹೋಗ್ಬೇಕು?"

ಲಾಂಡ್ರಿಯಕ್ಕ ಮೆಟ್ಟಿಲ ಮೇಲೆ ಕೂತು ಮಗಳಿಗೆ ಫೋನ್ ಮಾಡಿದಳು. "ಹೊರಟ್ಯಾ ಅಮ್ಮ?" ಎಂದಿತು ಆ ಕಡೆ. ಲಾಂಡ್ರಿಯಕ್ಕ ರಜೆ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನೀನೇ ಬಂದ್ಬಿಡೆ ಪುಟ್ಟಿ. ಡಾಕ್ಟರಮ್ಮ ಒಳ್ಳೆಯವರು. ನಾನಂತೂ ಇಲ್ಲೇ ಇರ್ತೀನಿ."

ಮಂಗಳವಾರ ಹನ್ನೊಂದು ಗಂಟೆಗೆ ಮಗಳು ಬಂದಳು. ದಾರಿಯಲ್ಲೇ ನೋವು ಶುರುವಾಗಿತ್ತು. ಅಳಿಯ ಒಂದು ಕೈಯಲ್ಲಿ ಹೆಂಡತಿಯನ್ನೂ ಇನ್ನೊಂದರಲ್ಲಿ ಫ್ಲಾಸ್ಕನ್ನೂ ಹಿಡಿದಿದ್ದ. ನೋಂದಣಿ ಕಿಟಕಿಯ ಹಿಂದೆ ಉಪನಿಯಮರೇ ಕೂತಿದ್ದರು, ಅಂದು ಅಲ್ಲಿಯ ಗುಮಾಸ್ತರಿಗೆ ರಜೆ ಸಿಕ್ಕಿತ್ತು.

"ಲಾಂಡ್ರಿ ಸಿಬ್ಬಂದಿಯ ಮಗಳು ಆಗ್ಲೇ ಒಳಗಿದ್ದಾರೆ. ಒಬ್ಬರನ್ನ ಎರಡು ಸಲ ಅಡ್ಮಿಟ್ ಮಾಡೋಕಾಗಲ್ಲ."

"ಅವಳನ್ನ ಡಿಸ್ಚಾರ್ಜ್ ಮಾಡಿ ಸಾರ್, ಹುಷಾರಾಗಿದ್ದಾಳೆ!"

"ಡಿಸ್ಚಾರ್ಜ್ ಬುಧವಾರ ಮಾತ್ರ. ಅದೂ ರೋಗಿ ತಾನೇ ನಡ್ಕೊಂಡು ಗೇಟು ದಾಟಬೇಕು."

ಮಗಳು ಕಿಟಕಿಯ ಕಟ್ಟೆ ಹಿಡಿದು ಬಗ್ಗಿದಳು. ಹೋದ ಸಲದ ಭಯ ಅವಳ ಕಣ್ಣಿಗೆ ಬಂದದ್ದನ್ನು ಲಾಂಡ್ರಿಯಕ್ಕ ನೋಡಿದಳು. ನೋಡಿದ ಮೇಲೆ ಅವಳಿಗೆ ಬೇಡಿಕೊಳ್ಳುವ ದನಿಯೇ ಹೋಗಿ, ಕಚೇರಿಯ ದನಿ ಬಂತು.

"ಸಾರ್, ಉಪಕರಣ ರಿಜಿಸ್ಟರಿನಲ್ಲಿ ಒಂದು ಕಡಿಮೆ ಅಂದ್ರಲ್ಲ?"

"ಹೌದು. ಒಗೆಯುವ ಯಂತ್ರ, ಒಂದು."

"ನನ್ನ ಮಗಳು ದಿನಾ ಮನೆಮಂದಿದೆಲ್ಲ ಒಗೀತಾಳೆ. ಬರ್ಕೊಳ್ಳಿ. ತುರ್ತು ದುರಸ್ತಿ."

ಉಪನಿಯಮರ ಮುಖ ವಾರದಲ್ಲಿ ಮೊದಲ ಸಲ ಅರಳಿತು. "ಉಪಕರಣದ ತುರ್ತು ದುರಸ್ತಿ ಹತ್ತು ನಿಮಿಷದಲ್ಲಿ ಶುರುವಾಗ್ಬೇಕು. ಅದಕ್ಕೊಂದು..."

"ಉಪನಿಯಮ ಇದೆ. ಗೊತ್ತು ಸಾರ್."

"ಅತ್ತೆ, ಇದೆಲ್ಲ ಸರೀನಾ?" ಅಳಿಯ ಮೆಲ್ಲಗೆ ಕೇಳಿದ.

"ಮೊದ್ಲು ಸಹಿ ಹಾಕಪ್ಪ. ಸರೀನೋ ತಪ್ಪೋ ನಾಮಕರಣದ ದಿನ ನೋಡ್ಕೊಳ್ಳೋಣ."

"ಅಮ್ಮಾ!" ಮಗಳು ಹಲ್ಲು ಕಚ್ಚಿ ಹೇಳಿದಳು, "ನನ್ನನ್ನ ಏನಂತ ಬೇಕಾದ್ರೂ ಬರೀಲಿ, ಬೇಗ ಬರೀಲಿ!"

ಎಂಟನೇ ನಿಮಿಷಕ್ಕೆ ಅವಳು ಹೆರಿಗೆ ಕೋಣೆಯಲ್ಲಿದ್ದಳು. ತಾಯಿ ತಲೆ ಹತ್ತಿರ ನಿಂತಿದ್ದಳು. ದುರಸ್ತಿಯ ವೇಳೆ ಉಸ್ತುವಾರಿ ಹಾಜರಿರುವುದು ಕಡ್ಡಾಯ. ಮಧ್ಯಾಹ್ನ ಮೂರಕ್ಕೆ ಹೆಣ್ಣುಮಗು ಹುಟ್ಟಿತು. ಡಾಕ್ಟರಮ್ಮ ಹಾಳೆ ನೋಡಿ, ಮಗುವನ್ನು ನೋಡಿ, "ಯಂತ್ರ ಸುಸ್ಥಿತಿಯಲ್ಲಿದೆ. ಬಿಡಿಭಾಗ ಒಂದು, ಹೊಸದು, ಮೂರು ಕಿಲೋ," ಎಂದು ಬರೆದು ಸಹಿ ಮಾಡಿದರು. ಲಾಂಡ್ರಿಯಕ್ಕ ಕೆಳಗಿಳಿದು ಮಗುವಿನ ಬಟ್ಟೆಗಳನ್ನು ತೊಂಬತ್ತೊಂದರ ಹೊಟ್ಟೆಗೆ ಹಾಕಿದಳು. ಮೆತ್ತಗೆ, ಬೆಳ್ಳಗೆ, ಬೆಚ್ಚಗೆ ಬಂದವು. ಒಳರೋಗಿಯಿಂದ ಕೆಲಸ ಮಾಡಿಸುವಂತಿಲ್ಲವಾದ್ದರಿಂದ ಸಿಸ್ಟರ್ ಅದನ್ನು "ಲಘು ವ್ಯಾಯಾಮ, ರೋಗಿ ಉತ್ಸಾಹದಿಂದಿದ್ದಾರೆ" ಎಂದು ದಾಖಲಿಸಿದರು.

ಗುರುವಾರ ತಪಾಸಣೆಗೆ ಬಂದವರು ಯಂತ್ರ ಹಾಲೂಡಿಸುತ್ತಿದ್ದುದನ್ನು ಬಾಗಿಲಿನಿಂದಲೇ ನೋಡಿ, ಸಂಖ್ಯೆ ಸರಿಯಿದೆ ಎಂದು ಗುರುತು ಹಾಕಿದರು. ಸುಸ್ಥಿತಿ ಪ್ರಮಾಣಪತ್ರವಿದ್ದುದರಿಂದ ಲಾಂಡ್ರಿಯಕ್ಕನಿಗೆ ಹದಿನೈದು ದಿನದ ರಜೆಯೂ ಸಿಕ್ಕಿತು. ಮಗಳನ್ನೂ ಮೊಮ್ಮಗಳನ್ನೂ ಗೇಟಿನಾಚೆ ಕರೆದೊಯ್ಯಲು ಕೊಟ್ಟ ಪಾಸಿನ ಮೇಲೆ ಮಾತ್ರ ಒಂದು ಮುದ್ರೆ ಇತ್ತು: "ಪ್ರತಿ ಮೂರು ತಿಂಗಳಿಗೊಮ್ಮೆ ಬಿಡಿಭಾಗ ಸಮೇತ ತಂದು ತೋರಿಸತಕ್ಕದ್ದು."

ಮೂರು ತಿಂಗಳಿಗೆ ಸರಿಯಾಗಿ ತಂದು ತೋರಿಸಿದರು. ಆ ಹೊತ್ತಿಗೆ ತೊಂಬತ್ತೊಂದರ ಒಳಗೆ ತೆಳ್ಳಗೆ ಬಿಳುಪು ಮತ್ತೆ ಕಾಣಿಸಿಕೊಂಡಿತ್ತು. ಬುಧವಾರಗಳಂದು ಅದು ತಾನೇ ನಡೆದು ಹೋಗದಿದ್ದುದರಿಂದ ಇನ್ನೂ ಒಳರೋಗಿಯೇ ಆಗಿತ್ತು, ಆದರೆ ವಾಂತಿಯಾಗದೆ ದಕ್ಕಿದ ವಿಶೇಷ ಪಥ್ಯ ಒಬ್ಬರಿಗೆ ಒಂದೇ ಸಲ. ಉಪನಿಯಮ ಮಗುವನ್ನು ತಕ್ಕಡಿಯಲ್ಲಿಟ್ಟು, ರಿಜಿಸ್ಟರ್ ನೋಡಿ, ಹುಬ್ಬು ಗಂಟಿಕ್ಕಿದರು.

"ಬಿಡಿಭಾಗದ ತೂಕ ಮೂರು ಕಿಲೋ ಹೆಚ್ಚಿದೆ. ಕಾರಣ?"

ಲಾಂಡ್ರಿಯಕ್ಕ ಮೊಮ್ಮಗಳ ಕೆನ್ನೆ ನೋಡಿದಳು. ಆಮೇಲೆ ಉಪನಿಯಮರನ್ನು ನೋಡಿದಳು.

"ಗಡಸು ನೀರು ಸಾರ್. ಪದರ ಕಟ್ಟಿದೆ."

"ಹಾಗನ್ನು ಮತ್ತೆ," ಎಂದು ಉಪನಿಯಮ ತೃಪ್ತಿಯಿಂದ ಬರೆದುಕೊಂಡರು. ಆಸ್ಪತ್ರೆಯ ಇತಿಹಾಸದಲ್ಲೇ ಮೊದಲ ಬಾರಿಗೆ, ಅರ್ಜಿಯಿಲ್ಲದೆ, ಸಮಿತಿಯಿಲ್ಲದೆ, ಬಿಡಿಭಾಗದ ದುರಸ್ತಿ ಸಾಮಗ್ರಿಯ ಲೆಕ್ಕದಲ್ಲಿ, ಎಂಟು ಬಾಟಲಿ ವಿನೆಗರ್ ಮತ್ತು ನಾಲ್ಕು ಲೋಟ ಅಡುಗೆ ಸೋಡಾ ಬೇರೆ ಬೇರೆಯಾಗಿ ಮಂಜೂರಾದವು. ಲಾಂಡ್ರಿಯಕ್ಕ ಮೊಮ್ಮಗಳನ್ನು ಮಗಳ ಕೈಗೆ ಕೊಟ್ಟು, ಬಾಟಲಿಗಳನ್ನು ಎತ್ತಿಕೊಂಡು, ದೊಡ್ಡ ಮಗಳ ಹತ್ತಿರ ಹೋಗಿಬರುತ್ತೇನೆ ಎಂದು ಹೇಳಿ ಮೆಟ್ಟಿಲಿಳಿದಳು. ಯಾರೂ ತಿದ್ದಲಿಲ್ಲ.