ನಾಲ್ಕು ಬಾಟಲಿ, ನಾನೂರ ಹದಿನಾಲ್ಕು ನೊಣ

ಭೂಮಿ ಬಾಯಿಬಿಟ್ಟರೂ ಸರಿ, ಆಕಾಶ ಕಳಚಿ ಬಿದ್ದರೂ ಸರಿ, ಈ ಬೇಸಿಗೆಯಲ್ಲಿ ಜೀವಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ಮುಗಿಸಿಯೇ ತೀರುತ್ತೇನೆ ಎಂದು ಊಟದ ಮೇಜಿನ ಮುಂದೆ ನಿಂತು ಘೋಷಿಸಿದೆ. ಸಭೆಯಲ್ಲಿದ್ದವರು ಇಬ್ಬರು. ಹೆಂಡತಿ ಜಾಮ್ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದಳು. ಅಮ್ಮ ಕಿವಿಯ ಯಂತ್ರ ತೆಗೆದು ಪಕ್ಕಕ್ಕಿಟ್ಟಿದ್ದಳು. ಹೀಗಾಗಿ ನನ್ನ ನಿರ್ಣಯ ಅವಿರೋಧವಾಗಿ ಅಂಗೀಕಾರವಾಯಿತು.

ನನಗೆ ನಲವತ್ತಮೂರು ವರ್ಷ. ಬೆಳಗಿನಿಂದ ಎರಡು ಗಂಟೆಯವರೆಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ಆಮೇಲೆ ವಿಶ್ವವಿದ್ಯಾಲಯದಲ್ಲಿ ಅರೆಕಾಲಿಕ ವಿದ್ಯಾರ್ಥಿ. ಮೂರು ವರ್ಷದ ಪದವಿಯನ್ನು ಆರು ವರ್ಷದಿಂದ ಆಳವಾಗಿ ಓದುತ್ತಿದ್ದೇನೆ. ಸೇರಿದ ಹೊಸದರಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂತು ನನ್ನ ಪೆನ್ಸಿಲ್ ಕಡ ಕೇಳುತ್ತಿದ್ದ ಹುಡುಗಿ ಈಗ ಅದೇ ಕೋಣೆಯಲ್ಲಿ ಪಾಠ ಮಾಡುತ್ತಾಳೆ. ಮಾಡುತ್ತಾಳೆ ಎಂದರೆ ತಪ್ಪಾಗುತ್ತದೆ, ಮಾಡುತ್ತಾರೆ. ನಾನೂ ಎದ್ದು ನಿಂತು ಮೇಡಂ ಅನ್ನುತ್ತೇನೆ.

ಆ ಉಪನ್ಯಾಸಕಿಯೇ ಬೇಸಿಗೆಯ ಮೊದಲ ವಾರ ನನ್ನನ್ನು ಕರೆದು ವಿಷಯ ತಿಳಿಸಿದರು. ಏಳು ವರ್ಷದೊಳಗೆ ಎಲ್ಲ ಮುಗಿಯದಿದ್ದರೆ ಹೆಸರು ರದ್ದಾಗುತ್ತದೆ, ಮತ್ತೆ ಮೊದಲ ವರ್ಷದಿಂದಲೇ ಶುರು. ಉಳಿದಿರುವುದು ಅನುವಂಶೀಯತೆಯ ಪ್ರಯೋಗ ಒಂದೇ. ಬೇಸಿಗೆಯಲ್ಲಿ ಪ್ರಯೋಗಾಲಯಕ್ಕೆ ಬಣ್ಣ ಹೊಡೆಯುವುದರಿಂದ ಅರೆಕಾಲಿಕದವರು ಹಣ್ಣಿನ ನೊಣಗಳನ್ನು ಮನೆಗೆ ಒಯ್ಯಬೇಕು. ಅಜ್ಜಿ ನೊಣಕ್ಕೆ ಕೆಂಪು ಕಣ್ಣು, ಅಜ್ಜ ನೊಣಕ್ಕೆ ಬಿಳಿ ಕಣ್ಣು. ಬಾಟಲಿಯಲ್ಲಿ ಕೊಡುವುದು ಅವುಗಳ ಮಕ್ಕಳನ್ನು. ಮೊಮ್ಮಕ್ಕಳಲ್ಲಿ ಯಾರಿಗೆ ಯಾವ ಕಣ್ಣು ಬಂದಿದೆ ಎಂದು ಎಣಿಸಿ ಬರೆದು ಕೊಡಬೇಕು. ಅಷ್ಟೇ.

ನನಗೆ ನಗು ಬಂತು. ಬೇಸಿಗೆಯಲ್ಲಿ ಗಿರಾಕಿಗಳಿಲ್ಲದೆ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂರುವವನು ನಾನು. ಅದೇ ನೊಣಕ್ಕೆ ವಿಶ್ವವಿದ್ಯಾಲಯ ಪದವಿಯನ್ನೇ ಕೊಡುತ್ತದೆಂದರೆ ಬೇಡ ಅನ್ನುವುದುಂಟೇ? ಬಾಯಿಗೆ ಹತ್ತಿ ತುರುಕಿದ ನಾಲ್ಕು ಬಾಟಲಿಗಳನ್ನು ಎದೆಗವಚಿಕೊಂಡು ಮನೆಗೆ ತಂದೆ.

ತಂದ ಮೇಲೆ ತಿಳಿಯಿತು, ಈ ನೊಣಗಳು ನನಗಿಂತ ನಾಜೂಕು. ಸೆಕೆ ಹೆಚ್ಚಾದರೆ ಅವುಗಳ ಸಂಸಾರ ನಿಂತುಹೋಗುತ್ತದೆ. ನಮ್ಮದು ಮೇಲಿನ ಮಹಡಿ, ಮಧ್ಯಾಹ್ನದ ಹೊತ್ತಿಗೆ ಕೋಣೆಗಳೆಲ್ಲ ಕಾದ ಬಾಣಲೆಯಾಗುತ್ತವೆ. ಇಡೀ ಮನೆಯಲ್ಲಿ ತಂಪಾಗಿರುವುದು ಒಂದೇ ಜಾಗ: ಅಡುಗೆಮನೆಗೆ ಅಂಟಿಕೊಂಡ ಉಗ್ರಾಣ. ಅಲ್ಲಿ ತಂಪು ಮಾಡುವ ಯಂತ್ರವಿದೆ. ಅದು ನನ್ನ ಹೆಂಡತಿಯ ಸಾಮ್ರಾಜ್ಯ.

ಅವಳು ಮನೆಯಲ್ಲೇ ಹಣ್ಣಿನ ಜಾಮ್ ಮಾಡಿ ಮಾರುತ್ತಾಳೆ. ಆ ಬೇಸಿಗೆಯಲ್ಲಿ ದೊಡ್ಡ ಅಂಗಡಿಯೊಂದು ಅವಳ ಜಾಮನ್ನು ತಮ್ಮ ಕಪಾಟಿನಲ್ಲಿಡಲು ಒಪ್ಪಿತ್ತು. ಪರವಾನಗಿ ಪತ್ರ ಇರಬೇಕು ಎಂಬುದೊಂದೇ ಷರತ್ತು. ಅದಕ್ಕಾಗಿ ಶುಕ್ರವಾರ ಮೂರು ಗಂಟೆಗೆ ಆರೋಗ್ಯ ಇಲಾಖೆಯ ಅಧಿಕಾರಿ ಬರುವವರಿದ್ದರು. ಅವಳು ಹದಿನೈದು ದಿನದಿಂದ ಗೋಡೆ ಉಜ್ಜುತ್ತಿದ್ದಳು, ಕಿಟಕಿಗಳಿಗೆ ಬಲೆ ಹೊಡೆಸಿದ್ದಳು. ಹಣ್ಣಿನ ಸಿಪ್ಪೆ ಐದು ನಿಮಿಷಕ್ಕಿಂತ ಹೆಚ್ಚು ಮನೆಯಲ್ಲಿರಬಾರದು ಎಂದು ಕಾನೂನು ತಂದಿದ್ದಳು. ಅಂಥ ಉಗ್ರಾಣದ ಮೇಲಿನ ಹಲಗೆಯಲ್ಲಿ, ಅರವತ್ತು ಜಾಮ್ ಬಾಟಲಿಗಳ ಹಿಂದೆ, ನಾನು ನೊಣಗಳನ್ನು ಬಚ್ಚಿಟ್ಟೆ. ಅವಳಿಗೆ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾಳೆ, ಬೇಡ ಅಂದಮೇಲೆ ಇಟ್ಟರೆ ತಪ್ಪಾಗುತ್ತದೆ ಎಂಬ ಸೂಕ್ಷ್ಮ ವಿಚಾರ ನನ್ನದು.

ಹತ್ತು ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ಶುಕ್ರವಾರದ ಹೊತ್ತಿಗೆ ಮೊಮ್ಮಕ್ಕಳೆಲ್ಲ ಹುಟ್ಟಿ, ಬಾಟಲಿಗಳ ಒಳಗೆ ನೂಕುನುಗ್ಗಲು. ಮಧ್ಯಾಹ್ನ ಎರಡೂವರೆಗೆ ಅಂಗಡಿಯಿಂದ ಬಂದೆ. ಹೆಂಡತಿ ತಲೆಗೆ ಬಿಳಿ ಟೋಪಿ ಹಾಕಿಕೊಂಡು, ಏಪ್ರನ್ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ಪರೀಕ್ಷೆಗೆ ಕೂತವರ ಗಾಬರಿ. ಅಮ್ಮ ಮಾತ್ರ ಬಹಳ ಖುಷಿಯಲ್ಲಿದ್ದಳು. ಸೊಸೆಗೆ ಸಹಾಯ ಮಾಡಿದ ಸಂತೋಷ. ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟಿನಲ್ಲಿ ಹೇಳಿದಳು.

"ಮೇಲ್ಗಡೆ ಹಲಗೇಲಿ ನಾಲ್ಕು ಬಾಟ್ಲಿ ಜಾಮ್ ಕೆಟ್ಟೇಹೋಗಿತ್ತು ಕಣೋ. ಪಾಪ, ಅವಳು ನೋಡೇ ಇಲ್ಲ. ವಾಸನೆ ಹೋಗ್ಲಿ ಅಂತ ಹತ್ತಿ ತೆಗೆದು ಗಾಳಿಗೆ ಇಟ್ಟಿದೀನಿ. ಆಮೇಲೆ ತೊಳೀತೀನಿ."

ಉಗ್ರಾಣದ ಬಾಗಿಲು ತೆರೆದೆ. ಆರು ವರ್ಷದ ನನ್ನ ವಿದ್ಯಾಭ್ಯಾಸ ರೆಕ್ಕೆ ಬಿಚ್ಚಿ ಹಾರಾಡುತ್ತಿತ್ತು.

ಈಗ ಓಡಿಹೋಗಿ ನಿಜ ಹೇಳಬಹುದಿತ್ತು. ಆದರೆ ಛಲ ಎಂಬುದೊಂದಿದೆಯಲ್ಲ! ಅರ್ಧ ಗಂಟೆಯಿದೆ, ಒಂದೊಂದಾಗಿ ಹಿಡಿದುಬಿಡುತ್ತೇನೆ ಎಂದು ತೀರ್ಮಾನಿಸಿದೆ. ಪ್ರಯೋಗಾಲಯದಲ್ಲಿ ಇದಕ್ಕೊಂದು ವಿಧಾನ ಕಲಿಸಿದ್ದರು. ಕೊಳವೆಯ ಒಂದು ತುದಿ ಬಾಯಲ್ಲಿ, ಇನ್ನೊಂದು ತುದಿ ನೊಣದ ಮೇಲೆ, ಮೆಲ್ಲಗೆ ಉಸಿರೆಳೆದರೆ ನೊಣ ಕೊಳವೆಯೊಳಗೆ. ನಡುವೆ ಒಂದು ತುಂಡು ಬಟ್ಟೆ ಅಡ್ಡ ಇಡಬೇಕು ಎಂಬುದು ಮರೆತಿತ್ತು. ಎರಡನೇ ಉಸಿರಿಗೇ ಅದು ನೆನಪಾಯಿತು, ಅಷ್ಟರಲ್ಲಿ ಒಂದು ನೊಣ ನನ್ನ ಗಂಟಲು ದಾಟಿ ಹೋಗಿತ್ತು. ಕೆಮ್ಮುತ್ತ, ಕಣ್ಣೀರು ಸುರಿಸುತ್ತ, ಬಟ್ಟೆ ಸಿಕ್ಕಿಸಿಕೊಂಡು ಮುಂದುವರಿದೆ. ಹದಿನೆಂಟು ಸಿಕ್ಕವು. ಆಗ ಕರೆಗಂಟೆ ಮೊಳಗಿತು.

ಅಧಿಕಾರಿ ಎತ್ತರದ ಮನುಷ್ಯ. ಕೈಯಲ್ಲಿ ಟಾರ್ಚು, ಕಂಕುಳಲ್ಲಿ ಕಾಗದ ಸಿಕ್ಕಿಸಿದ ಹಲಗೆ. ಮಾತು ಕಡಿಮೆ. ಪಾತ್ರೆ ನೋಡಿದರು, ಒಲೆ ನೋಡಿದರು, ನೀರು ನೋಡಿದರು, ಎಲ್ಲದಕ್ಕೂ ಸರಿ ಗುರುತು ಹಾಕಿದರು. ಕೊನೆಗೆ ಉಗ್ರಾಣಕ್ಕೆ ಬಂದರು. ಅವರು ಬರೆಯಲು ಪೆನ್ನು ಎತ್ತಿದ್ದೇ ತಡ, ಬಿಳಿ ಕಾಗದದ ನಟ್ಟನಡುವೆ ಒಂದು ನೊಣ ಬಂದು ಕೂತಿತು. ಅದರ ಪಕ್ಕ ಇನ್ನೊಂದು. ಅಧಿಕಾರಿ ತಲೆಯೆತ್ತಿ ಹೆಂಡತಿಯನ್ನು ನೋಡಿದರು.

ಈ ಮನೆಯಲ್ಲಿ ಇಷ್ಟು ವರ್ಷದಲ್ಲಿ ಒಂದು ನೊಣ ಕಂಡಿದ್ದಿಲ್ಲ ಎಂದು ಅವಳು ಹೇಳಲು ಹೋದಳು. ಅಧಿಕಾರಿಯ ಪೆನ್ನು ಕಾಗದಕ್ಕಿಳಿಯಿತು. ಅವಳು ಏಪ್ರನ್ನಿನ ಅಂಚನ್ನು ಎರಡೂ ಕೈಯಿಂದ ಹಿಂಡುತ್ತಿದ್ದಳು. ಅದನ್ನು ನೋಡಿದ ಮೇಲೆ ನನ್ನಿಂದ ಸುಮ್ಮನಿರಲಾಗಲಿಲ್ಲ.

"ಸಾರ್, ಬರೀಬೇಡಿ. ಆ ನೊಣ ಅವಳದಲ್ಲ, ನಂದು."

ಅವರಿಗೆ ಅರ್ಥವಾಗಲಿಲ್ಲ. ಜೇಬಿನಿಂದ ಅಂಗಡಿಯ ಭೂತಗನ್ನಡಿ ತೆಗೆದು ಕಾಗದದ ಮೇಲೆ ಹಿಡಿದೆ. ಒಂದು ನೊಣದ ಕಣ್ಣು ಹಾಲಿನಂತೆ ಬಿಳಿ. ಇಂಥ ಕಣ್ಣಿನ ನೊಣ ಯಾರ ಮನೆಯಲ್ಲೂ ತಾನಾಗಿ ಬರುವುದಿಲ್ಲ, ಇದು ವಿಶ್ವವಿದ್ಯಾಲಯದ ಆಸ್ತಿ, ನಾನು ವಿದ್ಯಾರ್ಥಿ, ನನ್ನ ಹೆಂಡತಿಗೆ ಏನೂ ಗೊತ್ತಿಲ್ಲ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅಧಿಕಾರಿ ಬಗ್ಗಿ ಬಹಳ ಹೊತ್ತು ಭೂತಗನ್ನಡಿಯಲ್ಲಿ ನೋಡಿದರು. ಆಮೇಲೆ ಅದೇ ಭೂತಗನ್ನಡಿಯಲ್ಲಿ ನನ್ನನ್ನು ನೋಡಿದರು.

"ಇಂಥವು ಇನ್ನೂ ಎಷ್ಟಿವೆ?"

"ಅದನ್ನ ಎಣಿಸೋದೇ ಪರೀಕ್ಷೆ, ಸಾರ್."

ಅವರು ಬರೆದದ್ದನ್ನು ಹೊಡೆದುಹಾಕಿದರು. ಮಂಗಳವಾರ ಮತ್ತೆ ಬರುತ್ತೇನೆ, ಯಾವ ಬಣ್ಣದ ಕಣ್ಣಿನದೇ ಆಗಲಿ ಒಂದೇ ಒಂದು ನೊಣ ಕಂಡರೂ ಈ ವರ್ಷದ ಅರ್ಜಿ ಅಲ್ಲಿಗೇ ಮುಗಿಯಿತು ಎಂದು ಹೇಳಿ ಹೊರಟರು.

ಬಾಗಿಲು ಮುಚ್ಚಿತು. ಹೆಂಡತಿಯ ಕಣ್ಣು ಕೆಂಪಗಾಗಿತ್ತು, ನನ್ನ ಕಣ್ಣು ಭಯದಿಂದ ಬೆಳ್ಳಗಾಗಿತ್ತು. ಪಠ್ಯಪುಸ್ತಕದಲ್ಲಿ ಬರೆದ ಜೋಡಿ ಸಾಕ್ಷಾತ್ತಾಗಿ ಎದುರೆದುರು ನಿಂತಿತ್ತು. ನಾನು ಬೈಗುಳಕ್ಕೆ ಬೆನ್ನು ಬಗ್ಗಿಸಿ ಕಾದೆ. ಅವಳು ಬೈಯಲಿಲ್ಲ. ಟೋಪಿ ತೆಗೆದು ಮೇಜಿನ ಮೇಲಿಟ್ಟು, ಈ ಹುಳಗಳಿಗೆ ಯಾವುದು ಇಷ್ಟ ಎಂದಷ್ಟೇ ಕೇಳಿದಳು. ನಾನು ಗಂಟಲು ಸರಿಮಾಡಿಕೊಂಡು, ನೊಣದ ಮೀಸೆಯಲ್ಲಿರುವ ಘ್ರಾಣಶಕ್ತಿಯಿಂದ ಉಪನ್ಯಾಸ ಆರಂಭಿಸಿದೆ.

"ನಿಮ್ಮ ಪಾಠ ಬೇಡ ರೀ. ಹುಳೀನಾ, ಸಿಹೀನಾ?"

ಹುಳಿ ಬಂದ ಸಿಹಿ, ಅಂದೆ.

ಅವಳು ಅನಾನಸ್ ಸಿಪ್ಪೆಯನ್ನು ಎಂಟು ಖಾಲಿ ಜಾಮ್ ಬಾಟಲಿಗಳಿಗೆ ಹಾಕಿ, ಮೇಲೆ ವಿನೆಗರ್ ಸುರಿದಳು. ಕಡಲೆಕಾಯಿ ಕಟ್ಟುವವರಂತೆ ಕಾಗದವನ್ನು ಪೊಟ್ಟಣ ಸುತ್ತಿ, ತುದಿಯಲ್ಲಿ ಸಣ್ಣ ತೂತು ಬಿಟ್ಟು, ಬಾಟಲಿಯ ಬಾಯಿಗೆ ತಲೆಕೆಳಗಾಗಿ ಸಿಕ್ಕಿಸಿದಳು. ಒಳಗೆ ಹೋಗುವ ದಾರಿ ಸುಲಭ, ಹೊರಗೆ ಬರುವ ದಾರಿ ಸಿಗದು. ಪಕ್ಕದಲ್ಲೇ ನಾನು ಕೊಳವೆ ಹಿಡಿದು ವೈಜ್ಞಾನಿಕವಾಗಿ ಉಸಿರೆಳೆಯುತ್ತ ಕುರ್ಚಿಯಿಂದ ಕುರ್ಚಿಗೆ ಹಾರುತ್ತಿದ್ದೆ. ಸಂಜೆಯ ಹೊತ್ತಿಗೆ ನಾನು ಹಿಡಿದದ್ದು ಒಟ್ಟು ಮೂವತ್ತೊಂದು. ಅವಳ ಬಾಟಲಿಗಳಲ್ಲಿ ಲೆಕ್ಕ ತಪ್ಪುವಷ್ಟು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಉಗ್ರಾಣದಲ್ಲಿ ಹಾರುವುದು ಒಂದೂ ಉಳಿದಿರಲಿಲ್ಲ.

ಭಾನುವಾರ ಎಣಿಕೆ. ಒದ್ದೆ ಕಾಗದದ ಮೇಲೆ ಸತ್ತ ನೊಣಗಳನ್ನು ಹರಡಿಕೊಂಡು ಇಬ್ಬರೂ ಕಿಟಕಿಯ ಬಳಿ ಕೂತೆವು. ಹಿಂಭಾಗ ಕಪ್ಪಗಿದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು ಎಂದು ಹೇಳಿಕೊಟ್ಟೆ. ನಾನು ಒಂದನ್ನು ತಿರುಗಿಸಿ ನೋಡುವಷ್ಟರಲ್ಲಿ ಅವಳು ಹತ್ತನ್ನು ಬೇರೆ ಮಾಡಿರುತ್ತಿದ್ದಳು. ಹಣ್ಣು ಆರಿಸಿ ಆರಿಸಿ ಪಳಗಿದ ಕೈ. ಕೊನೆಗೆ ಪಟ್ಟಿಯನ್ನೂ ಅವಳೇ ಬರೆದಳು. ಕೆಂಪು ಕಣ್ಣು ಮುನ್ನೂರ ಹನ್ನೊಂದು. ಬಿಳಿ ಕಣ್ಣು ನೂರ ಎರಡು. ತಿಳಿಯದ್ದು ಒಂದು, ನಮ್ಮ ಯಜಮಾನರು ನುಂಗಿದ್ದು.

ಆ ಕೊನೆಯ ಸಾಲನ್ನು ಹೊಡೆದುಹಾಕು ಎಂದು ಬೇಡಿಕೊಂಡೆ. ಸುಳ್ಳು ಲೆಕ್ಕ ಬರೆಯುವುದಿಲ್ಲ ಅಂದಳು. ಆಮೇಲೆ ಪಟ್ಟಿಯ ಮೇಲೆ ಬೆರಳಿಟ್ಟು, ಬಿಳಿ ಕಣ್ಣಿನವೆಲ್ಲ ಗಂಡೇ ಯಾಕೆ, ಒಂದೂ ಹೆಣ್ಣಿಲ್ಲವಲ್ಲ ಎಂದು ಕೇಳಿದಳು. ಅದೆಲ್ಲ ಕಾಕತಾಳೀಯ, ವಿಜ್ಞಾನದಲ್ಲಿ ಹಾಗೆಲ್ಲ ಅವಸರ ಪಡಬಾರದು ಎಂದು ಬುದ್ಧಿ ಹೇಳಿದೆ. ಅವಳು ಕೇಳಲಿಲ್ಲ. ಪಟ್ಟಿಯ ಕೆಳಗೆ ಅದನ್ನೂ ಬರೆದಳು.

ಸೋಮವಾರ ವರದಿ ಒಪ್ಪಿಸಿದೆ. ಮಂಗಳವಾರ ಅಧಿಕಾರಿ ಬಂದರು. ಟಾರ್ಚು ಹಿಡಿದು ಉಗ್ರಾಣದಲ್ಲಿ ಅರ್ಧ ಗಂಟೆ ನಿಂತರು. ರೆಕ್ಕೆಯ ಸದ್ದೂ ಇಲ್ಲ. ಪರವಾನಗಿ ಕೊಟ್ಟರು. ಕೆಳಗೆ ಕೈಬರಹದಲ್ಲಿ ಒಂದು ಷರತ್ತು ಸೇರಿಸಿದರು: ತಯಾರಿಕೆಯ ಕೋಣೆ ಮತ್ತು ಉಗ್ರಾಣಕ್ಕೆ ಮನೆಯ ವಿದ್ಯಾರ್ಥಿಗೆ ಪ್ರವೇಶವಿಲ್ಲ. ಹೆಂಡತಿ ಅದಕ್ಕೆ ಚೌಕಟ್ಟು ಹಾಕಿಸಿ ಬಾಗಿಲ ಮೇಲೆ ತೂಗುಹಾಕಿದಳು.

ಗುರುವಾರ ಉಪನ್ಯಾಸಕಿ ಮೌಖಿಕ ಪರೀಕ್ಷೆಗೆ ಕರೆದರು. ನನ್ನ ವರದಿಯನ್ನು ಮೊದಲಿನಿಂದ ಓದಿದರು, ನುಂಗಿದ ನೊಣದ ಸಾಲು ಬಂದಾಗ ಕರವಸ್ತ್ರ ಬಾಯಿಗಿಟ್ಟುಕೊಂಡರು. ಕೊನೆಯ ಟಿಪ್ಪಣಿಗೆ ಬಂದಾಗ ನಗು ನಿಂತಿತು.

"ಎಲ್ಲರೂ ಬಣ್ಣ ಮಾತ್ರ ಎಣಿಸಿ ತರ್ತಾರೆ. ಬಿಳಿ ಕಣ್ಣೆಲ್ಲ ಗಂಡಿಗೇ ಬಂದಿದೆ ಅಂತ ಗಮನಿಸೋದೇ ಈ ಪ್ರಯೋಗದ ಜೀವಾಳ. ಇದು ನಿಮಗೆ ಹೇಗೆ ಹೊಳೀತು?"

ಕಾಕತಾಳೀಯ ಅನ್ನುವ ಪದ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಹೊಳೆದದ್ದು ನನಗಲ್ಲ, ಹೆಂಡತಿಗೆ ಎಂದು ನಿಜ ಹೇಳಿದೆ. ಕಣ್ಣಿನ ಬಣ್ಣ ಲಿಂಗ ನಿರ್ಧರಿಸುವ ವರ್ಣತಂತುವಿಗೆ ಅಂಟಿಕೊಂಡು ಬರುತ್ತದೆ ಎಂಬ ಕಾರಣ ಮಾತ್ರ ಆಮೇಲೆ ಪುಸ್ತಕ ತಡಕಿ ಓದಿಕೊಂಡಿದ್ದೆ, ಅದನ್ನು ತೊದಲುತ್ತ ವಿವರಿಸಿದೆ. ಅವರು ಕೇಳಿಸಿಕೊಂಡು, ತಲೆಯಾಡಿಸಿ, ಅಂಕ ಬರೆದು ಹಾಳೆ ಕೊಟ್ಟರು. ನೂರಕ್ಕೆ ಎಂಬತ್ತೆಂಟು. ಆರು ವರ್ಷದಲ್ಲಿ ಅಂಥ ಅಂಕ ನನ್ನ ಹತ್ತಿರ ಸುಳಿದಿರಲಿಲ್ಲ.

ಉರಿಬಿಸಿಲಲ್ಲಿ ಮನೆಗೆ ಹಾರಿಕೊಂಡು ಬಂದೆ. ಅವಳು ಒಲೆಯ ಮುಂದೆ ನಿಂತು ದೊಡ್ಡ ಪಾತ್ರೆಯಲ್ಲಿ ಜಾಮ್ ಕದಡುತ್ತಿದ್ದಳು. ಒಳಗೆ ಕಾಲಿಡುವಂತಿಲ್ಲ. ಹೊಸಿಲಿನಾಚೆ ನಿಂತು ಅಂಕದ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿಹಿಡಿದು, ಪಾಸಾಯ್ತು ಕಣೇ, ಅಂದೆ.

ಅವಳು ಸೌಟು ನಿಲ್ಲಿಸಲಿಲ್ಲ. ತಿರುಗಿಯೂ ನೋಡಲಿಲ್ಲ.

"ಹೌದಾ? ಎಷ್ಟು ಬಂತಂತೆ ನನಗೆ?"