ಮೂವತ್ತಾರು ಬಟನ್ನುಗಳೂ ನನ್ನ ಮೊಮ್ಮಗಳೂ

ನಲವತ್ತು ವರ್ಷಗಳಿಂದ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ತಿರುಗುವವಳು ನಾನು. ಯಾರ ತೋಳು ಎಷ್ಟು ಇಂಚು, ಕಳೆದ ದೀಪಾವಳಿಯಿಂದ ಈಚೆಗೆ ಯಾರ ಸೊಂಟ ಎಷ್ಟು ಹಿಗ್ಗಿದೆ ಎಂಬುದನ್ನು ನೋಡಿದ ಕೂಡಲೇ ಹೇಳಬಲ್ಲೆ. ಆದರೆ ಮೊಮ್ಮಗಳ ಸುದ್ದಿ ಬಂದರೆ ಮಾತ್ರ ನನ್ನ ಟೇಪಿನಲ್ಲಿ ಅಂಕೆಗಳೇ ಕಾಣಿಸುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಹೊಗಳಿಕೆ ಕೇಳಲಾಗದವರು ಈಗಲೇ ಪುಟ ಮಗುಚಿ ಮುಂದೆ ಹೋಗಬಹುದು, ನನಗೇನೂ ಬೇಸರವಿಲ್ಲ. ಇದ್ದರೂ ಹೇಳುವುದಿಲ್ಲ.

ನನ್ನ ಮೊಮ್ಮಗಳು ಪೂರ್ವಿ ನವಿ ಮುಂಬಯಿಯ ಒಂದು ಸಣ್ಣ ಕಂಪೆನಿಯಲ್ಲಿ ಕಂಪ್ಯೂಟರಿನ ಕೆಲಸಕ್ಕೆ ಸೇರಿ ಐದು ತಿಂಗಳಾಯಿತು. ಮಗ ಸೊಸೆ ಠಾಣೆಯ ವರ್ತಕ ನಗರದಲ್ಲಿದ್ದಾರೆ, ಅವಳು ಡೊಂಬಿವಲಿಯಲ್ಲಿ ನನ್ನ ಜೊತೆ. ಆಫೀಸಿನ ಬಸ್ಸು ಎಂಐಡಿಸಿ ಬಡಾವಣೆಯ ನಮ್ಮ ಸೊಸೈಟಿಯ ಗೇಟಿನಲ್ಲೇ ನಿಲ್ಲುತ್ತದೆ ಎಂಬುದು ಅವಳು ಕೊಡುವ ಕಾರಣ. ನನ್ನ ನೀರುದೋಸೆ ಎಂಬುದು ನಿಜವಾದ ಕಾರಣ. ಅವಳಿಗೆ ಸಿಕ್ಕಿದ ಮೊದಲ ಸ್ವಂತ ಕೆಲಸ ಒಂದು ಹೋಟೆಲಿನ ಕೌಂಟರಿಗೆ ಸ್ಕ್ರೀನು ಮಾಡಿಕೊಡುವುದು. ಇಡ್ಲಿಗೊಂದು ಬಟನ್ನು, ಮಸಾಲೆ ದೋಸೆಗೊಂದು, ಮಿಸಳಿಗೊಂದು, ಹೀಗೆ ಮೂವತ್ತಾರು. ಒತ್ತಿದರೆ ಒಳಗೆ ಅಡುಗೆಮನೆಗೆ ಸುದ್ದಿ ಮುಟ್ಟುತ್ತದೆ. ನಮ್ಮ ಕಾಲದಲ್ಲಿ ಸಪ್ಲೈಯರನ ಗಂಟಲು ಮಾಡುತ್ತಿದ್ದ ಕೆಲಸ.

ಆ ಬಟನ್ನುಗಳ ಹಿಂದಿನ ಬರಹವನ್ನೂ ಒಂದು ದಿನ ತೋರಿಸಿದಳು. ಬೆರಳಿನಿಂದ ಎಳೆದಷ್ಟೂ ಮುಗಿಯಲಿಲ್ಲ. "ಇದೆಲ್ಲ ನೀನೇ ಬರ್ದದ್ದಾ ಮಗಾ?" ಎಂದೆ. "ಹಾಂ ಅಜ್ಜಿ, ಪೂರಾ ದೋ ಹಜಾರ್ ಲೈನ್!" ಎಂದಳು. ಎರಡು ಸಾವಿರ ಸಾಲು! ಬ್ರಹ್ಮಾವರದ ಕಡೆ ನಾಲ್ಕನೇ ಕ್ಲಾಸಿಗೇ ನನ್ನಿಂದ ಶಾಲೆಯನ್ನೂ ಮಗ್ಗಿಯನ್ನೂ ಒಟ್ಟಿಗೆ ಬಿಡಿಸಿದ್ದರು. ಆಮೇಲೆ, ಇದೊಂದನ್ನು ಬಿಟ್ಟರೆ, ನಾನು ಬರೆದ ಅತಿ ಉದ್ದದ ಬರಹವೆಂದರೆ ಗ್ಯಾಸಿನವನ ಮೇಲಿನ ದೂರು, ಹನ್ನೊಂದು ಸಾಲು. ನನ್ನ ಮೊಮ್ಮಗಳು ಎರಡು ಸಾವಿರ ಬರೆದಿದ್ದಾಳೆ ಎಂದಮೇಲೆ ಸುಮ್ಮನಿರುವುದು ಹೇಗೆ? ಎದುರು ಮನೆಯ ಸಾವಂತ್ ವಹಿನಿಗೆ ಹೇಳಿದೆ. "ಅಗೋ ಬಾಯಿ! ದೋನ್ ಹಜಾರ್ ಓಳಿ?" ಎಂದು ಅವರು ಕೆನ್ನೆಗೆ ಕೈ ಹಿಡಿದರು. ತರಕಾರಿಯವನಿಗೆ ಹೇಳಿದೆ, ವಾಚ್‌ಮನ್ನನಿಗೆ ಹೇಳಿದೆ. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರಿಗಂತೂ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಎರಡೂ ಕೈ ಮೇಲೆತ್ತಿ ನಿಂತವರು ಎಲ್ಲಿಗೆ ಓಡುತ್ತಾರೆ?

ಹೀಗಿರುವಾಗ ಒಂದು ಶುಕ್ರವಾರ ಸಂಜೆ ನನ್ನ ಮೊಮ್ಮಗಳು ಬಂದವಳೇ ಚೀಲ ಸೋಫಾದ ಮೇಲೆ ಎಸೆದು, ನೀರುದೋಸೆಯನ್ನೂ ಬೇಡ ಎಂದಳು. ಅಂಥದ್ದು ಅದುವರೆಗೆ ಆದದ್ದಿಲ್ಲ. ಮೆಲ್ಲಗೆ ಕೇಳಿದ ಮೇಲೆ ಬಾಯಿ ಬಿಟ್ಟಳು. ಅಡುಗೆಮನೆಯಲ್ಲಿ ಒಂದು ತಿಂಡಿ ಮುಗಿದರೆ ಅದರ ಬಟನ್ನು ಬೂದು ಬಣ್ಣಕ್ಕೆ ತಿರುಗಿ ಸುಮ್ಮನಾಗಬೇಕು ಎಂದು ಹೋಟೆಲಿನ ಯಜಮಾನರು ಹೇಳಿದ್ದರಂತೆ. ಅದನ್ನು ಮೂವತ್ತಾರು ಕಡೆ ಬರೆಯಬೇಕಿತ್ತು. ಮೂವತ್ತೈದು ಕಡೆ ಬರೆದು ಸಾಬೂದಾಣಾ ವಡೆಯನ್ನು ಮರೆತುಬಿಟ್ಟಿದ್ದಳು. ಯಜಮಾನರ ಎದುರಿನಲ್ಲೇ, ಮುಗಿದುಹೋದ ವಡೆಗೆ ಅದು ಇನ್ನೂ ಹತ್ತು ಆರ್ಡರು ತೆಗೆದುಕೊಂಡಿತು. "ಆಫೀಸ್ ಸರ್ ಹೇಳಿದ್ರು, ಮಂಡೇ ಒಂದು ಬಟನ್ ತಪ್ಪಿದ್ರೂ ಈ ಸ್ಕ್ರೀನ್ ಬೇರೆಯವರಿಗೆ ಕೊಡ್ತಾರಂತೆ," ಎಂದು ಮುಖ ಸಣ್ಣ ಮಾಡಿದಳು. ಆ ಸರ್ ಯಾರೆಂದು ನನಗೆ ಗೊತ್ತಿಲ್ಲ. ಅವರ ಮನೆಯವರ ಬ್ಲೌಸು ಹೊಲಿಯುವ ಯೋಗ ಬಂದರೆ ನೋಡಿಕೊಳ್ಳುತ್ತೇನೆ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಕಾಫಿ ಕೊಡಲು ಹೋದರೆ ನೋಡುವುದೇನು? ಅವಳು ಸಾಲುಗಳನ್ನು ಗುಡ್ಡೆ ಗುಡ್ಡೆಯಾಗಿ ಅಳಿಸುತ್ತಿದ್ದಳು!

"ಏ ಮಾರಾಯ್ತಿ, ಎಂತ ಮಾಡ್ತಿದ್ದಿ? ಬರ್ದದ್ದನ್ನೆಲ್ಲ ಅಳಿಸ್ತಿಯಲ್ಲ! ಸಿಟ್ಟಿದ್ರೆ ನಂಗೆ ನಾಲ್ಕು ಬೈ, ಅದಕ್ಕೆ ಎಂತಕ್ಕೆ ಕೈ ಹಚ್ಚೂದು?"

"ಅಜ್ಜಿ, ಟೆನ್ಷನ್ ಮತ್ ಲೋ. ಮೂವತ್ತಾರು ಬಟನ್ನಿಗೂ ಒಂದೇ ಕೋಡ್ ಕಾಪಿ ಮಾಡಿಟ್ಟಿದ್ದೆ, ಅದೇ ತಪ್ಪು. ಈಗ ಒಂದೇ ಸಲ ಬರೀತೇನೆ. ಇದನ್ನ ರಿಫ್ಯಾಕ್ಟರ್ ಮಾಡೋದು ಅಂತಾರೆ."

"ಎರಡು ಸಾವಿರದಲ್ಲಿ ಎಷ್ಟು ಉಳೀತದೆ?"

"ಸೌ, ಡೇಢ್ ಸೌ."

ನೂರೈವತ್ತು! ಇಡೀ ಸೊಸೈಟಿಗೆ ಎರಡು ಸಾವಿರ ಎಂದು ಹೇಳಿ ಆಗಿದೆ. ಗೇಟಿನ ಹತ್ತಿರ ಮುಖ ತೋರಿಸುವವಳು ಅವಳಲ್ಲ, ನಾನು. "ಸ್ವಲ್ಪ ಆದ್ರೂ ಉಳಿಸು ಮಗಾ, ಒಂದು ಸಾವಿರವಾದ್ರೂ ಇರ್ಲಿ," ಎಂದು ಬೇಡಿಕೊಂಡೆ. ಅವಳು ಕುರ್ಚಿ ತಿರುಗಿಸಿ, "ಅಜ್ಜಿ, ನವರಾತ್ರಿಗೆ ಭಜನಾ ಮಂಡಳಿಯ ಹದಿನೆಂಟು ಬ್ಲೌಸ್ ಹೊಲಿದ್ರಲ್ಲ, ಹದಿನೆಂಟು ಸಲ ನಮೂನೆ ಬರೆದ್ರಾ?" ಎಂದು ಕೇಳಿದಳು.

"ನಂಗೆಂತ ಮರ್ಲಾ? ಖಾಕಿ ಕಾಗದದ ಮೇಲೆ ಒಂದು ಸಲ ಬರ್ದು ಕತ್ತರಿಸಿಟ್ಟದ್ದು. ತೋಳು, ಸೊಂಟ ಮಾತ್ರ ಅವರವರ ಅಳತೆಗೆ."

"ನಾನೂ ಅದನ್ನೇ ಮಾಡ್ತಿರೋದು."

ಮಾತಿನಲ್ಲಿ ಸೋತಾಗ ನಾನು ಲೋಟ ತೊಳೆಯಲು ಒಳಗೆ ಹೋಗುವುದು ವಾಡಿಕೆ.

ಲೋಟ ತೊಳೆಯುವಾಗ ಅದೇ ಹದಿನೆಂಟು ಬ್ಲೌಸುಗಳ ಇನ್ನೊಂದು ಸಂಗತಿ ನೆನಪಾಯಿತು. ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಖಾಕಿ ಕಾಗದದಲ್ಲಿ ಕತ್ತು ಒಂದಿಂಚು ಜಾಸ್ತಿ ಆಳ ಬಂದಿತ್ತು. ನಮೂನೆ ಒಂದೇ ಆದ್ದರಿಂದ ಹದಿನೆಂಟಕ್ಕೂ ಬಂತು. ಒಂಬತ್ತು ದಿನವೂ ಹದಿನೆಂಟು ಹೆಂಗಸರು ಒಂದು ಕೈಯಲ್ಲಿ ತಾಳ, ಇನ್ನೊಂದು ಕೈಯಲ್ಲಿ ಸೆರಗು ಹಿಡಿದುಕೊಂಡೇ ದೇವಿಯನ್ನು ಸ್ತುತಿಸಿದರು. ದೇವಿ ಕ್ಷಮಿಸಿದಳು, ಸಾವಂತ್ ವಹಿನಿ ಇನ್ನೂ ಕ್ಷಮಿಸಿಲ್ಲ.

ಹಾಗಾಗಿ ಭಾನುವಾರ ಮಧ್ಯಾಹ್ನ ಅವಳು "ಹೋ ಗಯಾ, ಆಯ್ತು!" ಎಂದು ಕೈ ತಟ್ಟಿದಾಗ ನನಗೆ ಸಮಾಧಾನವಾಗಲಿಲ್ಲ. "ಎಲ್ಲ ಒತ್ತಿ ನೋಡಿದ್ಯಾ?" ಎಂದೆ. ಪಟ್ಟಿಯ ಕೊನೆಯದಾದ ಮಸಾಲೆ ಮಜ್ಜಿಗೆಯನ್ನು ಒತ್ತಿದಳಂತೆ, ಮಜ್ಜಿಗೆಯೇ ಬಂತಂತೆ. "ಕೋಡ್ ಒಂದೇ ಅಲ್ವಾ ಅಜ್ಜಿ, ಎಲ್ಲವೂ ಸರಿ ಇರ್ತದೆ." ನಾನು ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ಇಡ್ಲಿಯನ್ನು ಒತ್ತಿದೆ. ಅಡುಗೆಮನೆಗೆ ಮಸಾಲೆ ಮಜ್ಜಿಗೆ ಹೋಯಿತು. ದೋಸೆ ಒತ್ತಿದೆ, ಮಜ್ಜಿಗೆ. ಸಾಬೂದಾಣಾ ವಡೆ, ಮಜ್ಜಿಗೆ. ಮೂವತ್ತಾರು ಬಟನ್ನುಗಳನ್ನೂ ಒತ್ತಿ ಮುಗಿಸುವಾಗ ಆ ಹೋಟೆಲಿನಲ್ಲಿ ಮಜ್ಜಿಗೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. ನನ್ನ ಮೊಮ್ಮಗಳ ಮುಖವೂ ಬೂದು ಬಣ್ಣಕ್ಕೆ ತಿರುಗಿತು.

ಬರೆದದ್ದನ್ನು ಮೇಲಿನಿಂದ ಕೆಳಗೆ ಓದಿ ನೋಡಿ ವಿವರಿಸಿದಳು. ಒಂದೇ ಬರಹ ಪಟ್ಟಿಯನ್ನು ಓದುತ್ತಾ ಮೂವತ್ತಾರು ಬಟನ್ನು ಮಾಡುತ್ತದೆ. ಆದರೆ ಒತ್ತಿದಾಗ ಪ್ರತಿ ಬಟನ್ನೂ "ನಾನು ಯಾವ ತಿಂಡಿ?" ಎಂದು ಆಗಷ್ಟೇ ಕೇಳುತ್ತದೆ. ಅಷ್ಟರಲ್ಲಿ ಪಟ್ಟಿ ಓದಿ ಮುಗಿದು ಕೊನೆಯ ಹೆಸರೊಂದೇ ಬಾಯಲ್ಲಿ ನಿಂತಿರುತ್ತದೆ. ಆದ್ದರಿಂದ ಎಲ್ಲವೂ ಮಜ್ಜಿಗೆ.

"ಚೀಟಿ ಚುಚ್ಚಲಿಲ್ವಾ?" ಎಂದೆ ನಾನು. "ಒಂದೊಂದು ಬಟ್ಟೆ ಕತ್ತರಿಸಿದ ಹಾಗೇ ಅವರವರ ಹೆಸರು ಬರ್ದು ಗುಂಡುಸೂಜಿಯಲ್ಲಿ ಚುಚ್ಚಬೇಕು. ಎಲ್ಲ ಮುಗಿಸಿ ಆಮೇಲೆ ಬರೀತೇನೆ ಅಂತ ಕೂತ್ರೆ ಕೊನೆಗೆ ಬಂದವಳ ಹೆಸರೇ ನೆನಪಿರೂದು."

ಅವಳು ಒಂದು ಸಾಲಿನಲ್ಲಿ ಏನೋ ನಾಲ್ಕು ಅಕ್ಷರ ಸೇರಿಸಿದಳು. ಇಡ್ಲಿ ಒತ್ತಿದೆ, ಇಡ್ಲಿ! ಅವಳಿಗೆ ಮೊದಲೇ ಹೊಳೆದಿತ್ತೋ, ನಾನು ಹೇಳಿದ ಮೇಲೆ ಹೊಳೆಯಿತೋ ಎಂಬ ವಿಷಯದಲ್ಲಿ ನಮ್ಮಿಬ್ಬರ ಕಥೆಗಳು ಬೇರೆ ಬೇರೆ ಇವೆ. ಸೊಸೈಟಿಯಲ್ಲಿ ಪ್ರಚಾರದಲ್ಲಿರುವುದು ನನ್ನದು. ಅಂದು ಮೂವತ್ತಾರನ್ನೂ ಮೂರು ಸಲ ಒತ್ತಿದೆ. ಒಂದೊಂದನ್ನೇ ಮುಗಿದದ್ದೆಂದು ಗುರುತು ಹಾಕಿಸಿ, ಬೂದು ಬಣ್ಣ ಬರುತ್ತದೋ ಎಂದೂ ನೋಡಿದೆ.

ಸೋಮವಾರ ಮಧ್ಯಾಹ್ನ ಫೋನು ಬಂತು. "ಅಜ್ಜಿ, ಸ್ಕ್ರೀನ್ ನನ್ ಹತ್ರಾನೇ ಉಳೀತು! ಇಷ್ಟು ಚೆನ್ನಾಗಿ ಚೆಕ್ ಮಾಡಿದ್ದು ಯಾರು ಅಂತ ಸರ್ ಕೇಳಿದ್ರು." ನನ್ನ ಕಣ್ಣಲ್ಲಿ ನೀರು ಬಂದು ಸೂಜಿಗೆ ನೂಲು ಪೋಣಿಸುವುದು ಅಲ್ಲಿಗೇ ನಿಂತಿತು. ಆ ಸರ್ ಬಹಳ ಒಳ್ಳೆಯ ಮನುಷ್ಯ. ಸಾವಂತ್ ವಹಿನಿಗೆ ನೂರೈವತ್ತು ಸಾಲಿನ ಸುದ್ದಿಯನ್ನೂ ಹೇಳಿದೆ. "ಕಮೀ ಝಾಲ್ಯಾ?" ಎಂದು ಹುಬ್ಬೇರಿಸಿದರು. "ಜಾಸ್ತಿ ಬರೆಯುವುದು ಯಾರಿಗೆ ಬರುವುದಿಲ್ಲ ವಹಿನಿ, ಕಡಿಮೆ ಬರೆಯುವುದಕ್ಕೇ ಕಲಿಯಬೇಕು," ಎಂದು ಹುಟ್ಟಿದಾಗಿನಿಂದ ಗೊತ್ತಿದ್ದವಳಂತೆ ಹೇಳಿದೆ.

ಈ ಬರಹವನ್ನು ಮುಗಿಸಿ ಅವಳಿಗೆ ಓದಿ ಹೇಳಿದೆ, ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಕೇಳಿ ನಕ್ಕಳು. "ಅಜ್ಜಿ, 'ನನ್ನ ಮೊಮ್ಮಗಳು, ನನ್ನ ಮೊಮ್ಮಗಳು' ಅಂತ ಎಷ್ಟು ಕಡೆ ಇದೆ! ಒಂದು ಸಲ ಸಾಕು, ಬಾಕೀ ಸಬ್ ನಿಕಾಲ್ ದೋ." ವಿದ್ಯಾವಂತೆ ಹೇಳಿದ ಮೇಲೆ ಕೇಳಬೇಕಲ್ಲ. ಪೆನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಒಂದೊಂದು ಸಾಲನ್ನೂ ನೋಡಿದೆ. ಒಂದು ಕಡೆ ಬರೀ 'ಪೂರ್ವಿ' ಎಂದು ಬರೆದುಬಿಟ್ಟಿದ್ದೆ. ಅಲ್ಲಿಯೂ ಸೇರಿಸಿದೆ.